ಪೆಟ್ಟಿಗೆಯ ಆಚೆ ಬದಿ

ಜೊವಿತಾ ಬಂದವಳೇ ಬುನ್ಮಾಳ ಕೈಯಿಂದ ಪೊರಕೆ ಕಿತ್ತುಕೊಂಡಳು.

“ಅಮ್ಮ, ಹೆಣ ಮನೇಲಿರುವಾಗ ಕಸ ಗುಡಿಸಬಾರದು. ನಮ್ಮಲ್ಲಿ ಗುಡಿಸಲ್ಲ. ಗುಡಿಸಿದ್ರೆ ಮನೇಲಿ ಇನ್ನೊಬ್ಬರು ಹಿಂದೇನೇ ಹೋಗ್ತಾರಂತೆ.”

ತನ್ನ ಮನೆಯಲ್ಲಿ ತನ್ನ ಪೊರಕೆಯನ್ನು ಬೇರೆಯವರಿಗೆ ಬಿಟ್ಟುಕೊಡುವ ಹೆಂಗಸಲ್ಲ ಬುನ್ಮಾ. ಟೀಚರ್ ಸತ್ತ ದಿನದಿಂದ ಊರಿನವರು ಹಗಲೂ ರಾತ್ರಿ ಬಂದು ಕೂತು, ಕಲ್ಲಂಗಡಿ ಬೀಜ ಕಡಿದು ಉಗಿದ ಸಿಪ್ಪೆ ಹೆಜ್ಜೆಹೆಜ್ಜೆಗೂ ಕಾಲಿಗೆ ಚುಚ್ಚುತ್ತಿತ್ತು. ಬೇರೆ ದಿನವಾಗಿದ್ದರೆ ಈ ಫಿಲಿಪಿನೋ ಹುಡುಗಿಗೆ ಎರಡು ಮಾತು ಅಂದೇ ಪೊರಕೆ ವಾಪಸು ಇಸಿದುಕೊಳ್ಳುತ್ತಿದ್ದಳು. ಆದರೆ ‘ಇನ್ನೊಬ್ಬರು’ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಕಣ್ಣು ನಡುಮನೆಯತ್ತ ಹೊರಳಿತು.

ಅಲ್ಲಿ ಎರಡು ಬೆಂಚುಗಳ ಮೇಲೆ ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ, ಶಾಲೆಗೆ ಹೋಗುವಾಗ ತೊಡುತ್ತಿದ್ದ ನೀಲಿ ಅಂಗಿ ತೊಟ್ಟು, ಬೆರಳುಗಳಿಗೆ ಜಪಸರ ಸುತ್ತಿಕೊಂಡು ರೆಮಿ ಟೀಚರ್ ಮಲಗಿದ್ದರು. ಮುಚ್ಚಳವನ್ನು ಗೋಡೆಗೆ ಒರಗಿಸಿಟ್ಟಿದ್ದರು. ಪೆಟ್ಟಿಗೆಯ ಪಕ್ಕದಲ್ಲೇ ನೆಲದ ಮೇಲೆ ಬುನ್ಮಾಳ ಮೊಮ್ಮಗಳು ಫಾಯ್ ಕೂತಿದ್ದಳು. ನಾಲ್ಕು ವರ್ಷದ ಮಗು. ಹುಟ್ಟಿ ಆರು ತಿಂಗಳಾದಾಗಿನಿಂದ ಟೀಚರ್ ಮಗ್ಗುಲಲ್ಲಿ ಮಲಗಿದ್ದವಳು. ಈಗ ನೆಟ್ಟಗೆ ನಿದ್ದೆಯಿಲ್ಲ, ತುತ್ತು ಬಾಯಿಗಿಟ್ಟರೆ ಉಗಿಯುತ್ತಾಳೆ, ಮೈಯ ಬಿಸಿ ಇಳಿದಿಲ್ಲ. ಅಳುವುದೂ ಇಲ್ಲ. ಅಳದಿರುವುದೇ ಬುನ್ಮಾಗೆ ದಿಗಿಲು.

ಆಸ್ಪತ್ರೆಯ ನರ್ಸು ಜ್ವರದ ಔಷಧಿ ಕೊಟ್ಟಿದ್ದಳು. ಬೀದಿಯ ಮುದುಕಿಯರು ಬಂದು, ಹೆದರಿ ಮೈಬಿಟ್ಟು ಅಲೆಯುತ್ತಿರುವ ಮಗುವಿನ ಜೀವದ ಚೂರನ್ನು ಹೆಸರು ಹಿಡಿದು ಕರೆದು, ಎರಡೂ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ ಹೋಗಿದ್ದರು. ದಾರ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು, ಮಗು ಕೂತದ್ದು ಕೂತ ಹಾಗೇ ಇತ್ತು. ಕೊನೆಗೆ ಪಕ್ಕದ ಮನೆಯವಳು ಯಾರೂ ಬಾಯಿಬಿಡದಿದ್ದ ಮಾತನ್ನು ಅಂದೇಬಿಟ್ಟಳು: ಟೀಚರ್‌ಗೆ ಪರದೇಶದಲ್ಲಿ ದಾರಿ ಗೊತ್ತಿಲ್ಲ, ಒಬ್ಬರೇ ಹೋಗಲು ಭಯ, ಮಗುವನ್ನು ಜೊತೆಗೆ ಕರೆಯುತ್ತಿದ್ದಾರೆ. ಅಂದಿನಿಂದ ಬುನ್ಮಾಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಒಲೆ ಹತ್ತಿರ ಹೋಗುತ್ತಾಳೆ, ಯಾಕೆ ಬಂದೆನೆಂದು ಮರೆತು ಬಾಗಿಲಿಗೆ ಬರುತ್ತಾಳೆ, ಅಲ್ಲಿಂದ ಮಗುವಿನ ಹಣೆ ಮುಟ್ಟಲು ಓಡುತ್ತಾಳೆ.

*

ಫಿಲಿಪೀನ್ಸಿನಿಂದ ಥಾಯ್ಲೆಂಡಿನ ಈ ಊರಿನ ಶಾಲೆಗೆ ಕಲಿಸಲು ಬಂದ ರೆಮಿ ಟೀಚರ್ ಈ ಮನೆಯ ಹಿಂಬದಿಯ ಕೋಣೆಗೆ ಬಾಡಿಗೆಗೆ ಸೇರಿದಾಗ ಅವರ ಬಳಿ ಒಂದು ಸೂಟ್‌ಕೇಸು, ಒಂದು ಅನ್ನದ ಕುಕ್ಕರು ಮತ್ತು ಟವೆಲಿನಲ್ಲಿ ಸುತ್ತಿದ ಒಂದು ಬೊಂಬೆ ಇತ್ತು. ತಲೆಗೆ ಕಿರೀಟ, ಮೈಗೆ ಕೆಂಪು ನಿಲುವಂಗಿ. ಬಾಲಯೇಸು ಎಂದರು ಟೀಚರ್. ಬುನ್ಮಾ ಶಾಲೆಯ ಗೇಟಿನ ಮುಂದೆ ಕೆಂಡದಲ್ಲಿ ಬಾಳೆಹಣ್ಣು ಸುಟ್ಟು ಮಾರುವವಳು. ಅವಳಿಗೆ ಯೇಸು ಗೀಸು ಏನು ಗೊತ್ತು. ಮಗುವಿನ ರೂಪದ ದೈವ ಎಂದರೆ ಈ ಸೀಮೆಯಲ್ಲಿ ಒಂದೇ ಅರ್ಥ. ಅದಕ್ಕೆ ಸಿಹಿ ಬೇಕು, ಆಟಿಕೆ ಬೇಕು, ಕೊಡದಿದ್ದರೆ ಮನೆಯಲ್ಲಿ ಪಾತ್ರೆ ಉರುಳಿಸುತ್ತದೆ. ಮಾರನೆಯ ದಿನವೇ ಬೊಂಬೆಯ ಮುಂದೆ ಕೆಂಪು ಸೋಡಾ ಬಾಟಲಿ ಇಟ್ಟು, ಕುಡಿಯಲು ಅನುಕೂಲವಾಗಲೆಂದು ಸ್ಟ್ರಾ ಕೂಡ ಹಾಕಿದಳು.

ಟೀಚರ್ ತಮ್ಮ ಹರಕುಮುರುಕು ಥಾಯಿಯಲ್ಲಿ ಇದು ಆ ಥರದ ಮಗುವಲ್ಲ ಎಂದು ವಿವರಿಸಿದರು. ಬುನ್ಮಾ ಎಲ್ಲದಕ್ಕೂ ತಲೆಯಾಡಿಸಿ ಮರುದಿನ ಸೋಡಾದ ಜೊತೆಗೆ ಒಂದು ಆಟದ ಕಾರನ್ನೂ ಇಟ್ಟಳು. ಹೀಗೆ ಎಷ್ಟೋ ದಿನ ನಡೆಯಿತು. ಒಂದು ಮಧ್ಯಾಹ್ನ, ಬಿಸಿಲಲ್ಲಿ ಗಂಟಲು ಒಣಗಿಸಿಕೊಂಡು ಶಾಲೆಯಿಂದ ಬಂದ ಟೀಚರ್ ಬಾಗಿಲು ಹಾಕಿಕೊಂಡು ಬೊಂಬೆಯ ಸೋಡಾವನ್ನು ಒಂದೇ ಉಸಿರಿಗೆ ಕುಡಿದುಬಿಟ್ಟರು. ಖಾಲಿ ಬಾಟಲಿ ಕಂಡ ಬುನ್ಮಾ ಕೈಮುಗಿದು, ನಮ್ಮ ಮನೆಯ ಪರದೇಶದ ದೇವರು ಚೆನ್ನಾಗಿ ಕುಡಿಯುತ್ತದೆ ಎಂದು ಬೀದಿಗೆಲ್ಲ ಹೇಳಿಬಂದಳು. ಆಮೇಲಿನ ಭಾನುವಾರ ಉಬೋನ್ ಪಟ್ಟಣದ ಚರ್ಚಿನಲ್ಲಿ ಟೀಚರ್ ಪಾಪನಿವೇದನೆ ಮಾಡುವಾಗ ಇದನ್ನೂ ಸೇರಿಸಿಕೊಂಡರಂತೆ. ವರ್ಷಗಳಾದ ಮೇಲೆ ಬುನ್ಮಾಗೂ ಒಪ್ಪಿಕೊಂಡರು. ಬುನ್ಮಾ ಸೋಡಾ ಇಡುವುದನ್ನೇನೂ ನಿಲ್ಲಿಸಲಿಲ್ಲ. ಯಾರು ಕುಡಿದರೇನು, ಮನೆಯಲ್ಲಿ ಪಾತ್ರೆ ಉರುಳಿಲ್ಲವಲ್ಲ ಎಂದಳು.

*

ಉಬೋನಿನಿಂದ ಬಂದ ಫಾದರ್ ಪ್ರಾರ್ಥನೆ ಶುರುಮಾಡುವ ಮುಂಚೆ ಜೊವಿತಾ ಬುನ್ಮಾಳನ್ನು ಅಡುಗೆಮನೆಗೆ ಕರೆದಳು. ಜೊವಿತಾ ಉಬೋನಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವವಳು. ರೆಮಿ ಟೀಚರ್ ಅವಳಿಗೆ ಚರ್ಚಿನಲ್ಲಿ ಸಿಕ್ಕ ಅಕ್ಕ. ದಹನಕ್ಕೆ ಟೀಚರ್‌ರ ತಮ್ಮ ಫೋನಿನಲ್ಲೇ ಒಪ್ಪಿದ್ದ, ಬೂದಿಯನ್ನು ರಜೆಯಲ್ಲಿ ಊರಿಗೆ ಒಯ್ಯುವ ಹೊಣೆ ಜೊವಿತಾಳದು. ಸಂಜೆಯ ಬಸ್ಸಿಗೆ ಅವಳು ಹೊರಡಬೇಕು. ತಾನು ಇಲ್ಲಿ ಸತ್ತರೆ ಯಾರ ನಡುಮನೆಯಲ್ಲಿ ಮಲಗಿಸುತ್ತಾರೆ ಎಂಬ ಯೋಚನೆ ಅವಳಿಗೂ ನಿದ್ದೆ ಕೊಟ್ಟಿರಲಿಲ್ಲ.

“ನಮ್ಮಲ್ಲೊಂದು ಪದ್ಧತಿ ಇದೆ, ಅಮ್ಮ,” ಎಂದಳು. “ಪೆಟ್ಟಿಗೆ ಮನೆಯಿಂದ ಎತ್ತೋ ಮುಂಚೆ ಚಿಕ್ಕಮಕ್ಕಳನ್ನ ಅದರ ಮೇಲಿಂದ ದಾಟಿಸ್ತಾರೆ. ಈ ಕಡೆಯಿಂದ ಒಬ್ಬರು ಎತ್ತಿಕೊಡ್ತಾರೆ, ಆ ಕಡೆ ಒಬ್ಬರು ಇಸ್ಕೋತಾರೆ. ಆಮೇಲೆ ಹೋದವರು ಮಗೂನ ಹುಡುಕ್ಕೊಂಡು ಬರಲ್ಲ. ಮಗೂನೂ ಹಂಬಲಿಸಲ್ಲ.”

ಬುನ್ಮಾ ಬಾಗಿಲಿನಿಂದ ಪೆಟ್ಟಿಗೆಯತ್ತ ಇಣುಕಿದಳು.

“ಟೀಚರ್ ತಲೆ ಮೇಲಿಂದ? ಕಾಲು?”

“ಹೂಂ.”

“ನಾವು ಪುಸ್ತಕಾನೂ ದಾಟಲ್ಲ ಕಣೇ. ಮಲಗಿರೋ ನಾಯೀನೂ ಸುತ್ತಿ ಹೋಗ್ತೀವಿ. ಈ ಊರಿನ ಮಕ್ಕಳಿಗೆಲ್ಲ ಅಕ್ಷರ ಹೇಳಿಕೊಟ್ಟೋರು ಅವರು. ಅವರ ಮುಖದ ಮೇಲೆ ಮಗು ಪಾದ ಹಾಯಿಸು ಅಂತೀಯಲ್ಲ, ಬುದ್ಧಿ ನೆಟ್ಟಗಿದೆಯಾ ನಿನಗೆ?”

ಜೊವಿತಾಳ ಮುಖ ಕೆಂಪಾಯಿತು. ಓದಿದ ಹುಡುಗಿ. ತನ್ನ ಊರಿನಲ್ಲಿದ್ದಾಗ ಇದನ್ನೆಲ್ಲ ಅಜ್ಜಿಯರ ಗೊಡ್ಡು ನಂಬಿಕೆ ಎಂದು ಹೀಯಾಳಿಸಿದವಳೇ. ಪರದೇಶದಲ್ಲಿ, ಕಾಯಿಲೆಯ ಮಗುವೊಂದರ ಮುಂದೆ, ಅದೆಲ್ಲಿಂದಲೋ ಬಾಯಿಗೆ ಬಂದುಬಿಟ್ಟಿತ್ತು. ನನಗೆ ತಿಳಿದದ್ದು ಹೇಳಿದೆ, ಮಗು ನಿಮ್ಮದು ಎಂದಷ್ಟೇ ಹೇಳಿ ಹೊರಗೆ ಹೋದಳು. ಬುನ್ಮಾ ಒಲೆಯ ಮುಂದೆ ನಿಂತು, ಉರಿಯದ ಒಲೆಗೆ ಬೀಸಣಿಗೆ ಬೀಸುತ್ತಿದ್ದಳು.

*

ಟೀಚರ್‌ರ ತಾಯಿ ತೀರಿಕೊಂಡದ್ದು ಪರೀಕ್ಷೆಯ ಸಮಯದಲ್ಲಿ. ಶಾಲೆಯವರು ರಜೆ ಕೊಡುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿತ್ತು. ಅವರ ಪದ್ಧತಿಯಲ್ಲಿ ಸತ್ತವರಿಗಾಗಿ ಒಂಬತ್ತು ಸಂಜೆ ಮನೆಯವರೆಲ್ಲ ಸೇರಿ ಪ್ರಾರ್ಥನೆ ಹೇಳಬೇಕು. ಒಬ್ಬರು ಹೇಳಿದರೆ ಉಳಿದವರು ಓಗೊಡಬೇಕು. ಟೀಚರ್ ಕೋಣೆಯಲ್ಲಿ ಒಬ್ಬರೇ ಕೂತು ಹೇಳುತ್ತಿದ್ದರು, ಓಗೊಡುವವರಿಲ್ಲದೆ ನಡುನಡುವೆ ತಡೆಯುತ್ತಿದ್ದರು. ಗೋಡೆಯಾಚೆ ಬುನ್ಮಾಗೆ ಆ ತಡೆಯುವಿಕೆಯನ್ನು ಸಹಿಸಲಾಗಲಿಲ್ಲ. ಹೋಗಿ ಪಕ್ಕದಲ್ಲಿ ಕೂತಳು. ಭಾಷೆ ಬಾರದು. ಟೀಚರ್ ನಿಲ್ಲಿಸಿದ ಕಡೆಯೆಲ್ಲ ಕೈಮುಗಿದು, ವಿಹಾರದಲ್ಲಿ ಭಿಕ್ಷುಗಳ ಮಂತ್ರಕ್ಕೆ ಹೇಳುವಂತೆ, “ಸಾಧು” ಎಂದಳು. ಮೊದಲ ಸಲ ಟೀಚರ್ ತಿರುಗಿ ನೋಡಿದರು. ಆಮೇಲೆ ನೋಡಲಿಲ್ಲ. ಒಂಬತ್ತು ಸಂಜೆಯೂ ಹಾಗೆಯೇ ನಡೆಯಿತು.

ಬುನ್ಮಾಳ ಮಗಳು ಸಮುದ್ರದ ಕಡೆಯ ಕಾರ್ಖಾನೆಗೆ ದುಡಿಯಲು ಹೋದಾಗ ಫಾಯ್ ಈ ಇಬ್ಬರ ಮಡಿಲಿಗೆ ಬಿದ್ದಳು. ಮಗು ರಾತ್ರಿ ಅತ್ತರೆ ಬೆಳಿಗ್ಗೆ ಕೆಂಡ ಹೊತ್ತಿಸಬೇಕಾದ ಬುನ್ಮಾಳ ನಿದ್ದೆ ಕೆಡುತ್ತದೆಂದು ಟೀಚರ್ ತಮ್ಮ ಹಾಸಿಗೆಗೆ ಒಯ್ದರು. ಒಯ್ದದ್ದು ಅಲ್ಲೇ ಉಳಿಯಿತು. ಬುನ್ಮಾಗೆ ಒಳಗೊಳಗೇ ಅನುಮಾನ. ಒಂದು ದಿನ ಕೇಳಿಯೇಬಿಟ್ಟಳು, ಮಗುವನ್ನು ನಿಮ್ಮ ಮತಕ್ಕೆ ಸೇರಿಸುತ್ತೀರಾ ಎಂದು. ಟೀಚರ್‌ಗೆ ಅಂಥ ಸಿಟ್ಟು ಬಂದದ್ದನ್ನು ಯಾರೂ ಕಂಡಿರಲಿಲ್ಲ.

“ನಿನ್ನ ಮನೇಲಿ ಅನ್ನ ತಿಂದು ನಿನ್ನ ಮಗೂನ ಕದಿಯೋಳು ಅಂದ್ಕೊಂಡ್ಯಾ ನನ್ನ?” ಎಂದರು. “ನನ್ನ ದೇವರಿಗೆ ಕದ್ದ ಮಕ್ಕಳು ಬೇಡ.”

ಎರಡು ದಿನ ಮಾತು ಬಿಟ್ಟರು. ಮೂರನೆಯ ಬೆಳಿಗ್ಗೆ ಬುನ್ಮಾ ಭಿಕ್ಷುಗಳಿಗೆ ಅನ್ನ ನೀಡಲು ಹೊರಟಾಗ, ಎಂದಿನಂತೆ ಬುಟ್ಟಿ ಹಿಡಿದು ಜೊತೆಗೆ ಬಂದರು. ಎಂದಿನಂತೆ ಪಾತ್ರೆಗೆ ಅನ್ನ ಮಾತ್ರ ತಾವು ಹಾಕಲಿಲ್ಲ, ಒಂದು ಹೆಜ್ಜೆ ಹಿಂದೆ ನಿಂತರು. ಅವರ ಲೆಕ್ಕಾಚಾರ ಅವರದು.

*

ಫಾದರ್ ಪ್ರಾರ್ಥನೆ ಮುಗಿಸಿ ಪೆಟ್ಟಿಗೆಯ ಮೇಲೆ ತೀರ್ಥ ಚಿಮುಕಿಸಿದರು. ಹೊರಗೆ ಮೆಕ್ಯಾನಿಕ್ ಥವೀ, ದೊಡ್ಡವನಾದ ಮೇಲೆ ಟೀಚರ್ ಬಳಿ ಅಕ್ಷರ ಕಲಿತವನು, ತನ್ನ ಪಿಕಪ್ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸಿದ. ಮಕ್ಕಳನ್ನು ಕೈಹಿಡಿದು ತಂದ ತಾಯಂದಿರು ಅಂಗಳದ ತುಂಬ. ದಹನದ ಹೊತ್ತು ಮೀರುತ್ತಿದೆಯೆಂದು ಊರಿನ ಚಿತಾಗಾರವಿರುವ ವಿಹಾರದಿಂದ ಎರಡು ಸಲ ಹೇಳಿಕಳಿಸಿದ್ದರು. ಗಂಡಸರು ಮುಚ್ಚಳ ಎತ್ತಲು ಗೋಡೆಯ ಕಡೆ ತಿರುಗಿದರು.

ಅವರು ತಿರುಗಿದ ಅಷ್ಟು ಹೊತ್ತಿನಲ್ಲಿ ಫಾಯ್ ಎದ್ದು ಬೆಂಚು ಹತ್ತಿದ್ದಳು. ಒಂದು ಕಾಲನ್ನು ಪೆಟ್ಟಿಗೆಯ ಅಂಚಿನ ಮೇಲಿಂದ ಒಳಗೆ ಹಾಕಿಯಾಗಿತ್ತು. ಅವಸರವಿಲ್ಲ, ಗಾಬರಿಯಿಲ್ಲ, ದಿನಾ ರಾತ್ರಿ ಹಾಸಿಗೆಗೆ ಹತ್ತುವ ಹಾಗೆ, ತನ್ನ ಮಾಮೂಲಿ ಜಾಗಕ್ಕಾಗಿ ಟೀಚರ್‌ರ ತೋಳನ್ನು ಪುಟ್ಟ ಕೈಯಿಂದ ಸರಿಸಲು ನೋಡುತ್ತಿದ್ದಳು.

ಬುನ್ಮಾ ಹೇಗೆ ಬಂದಳೋ, ಮಗುವನ್ನು ಕಂಕುಳಿಗೆ ಕೈಹಾಕಿ ಎಳೆದುಕೊಂಡಳು. ಮಗು ಒದ್ದಾಡುತ್ತಾ ಮತ್ತೆ ಆ ಕಡೆಗೇ ಕೈಚಾಚುತ್ತಿತ್ತು.

“ಜೊವಿ,” ಎಂದಳು ಬುನ್ಮಾ. “ನಿಮ್ಮದು ರಕ್ತಸಂಬಂಧದ ಮಕ್ಕಳಿಗೆ ಮಾತ್ರಾನಾ?”

“ಸರಿಯಾಗಿ ಗೊತ್ತಿಲ್ಲಮ್ಮ. ಇವಳು ಅವರ ಹಾಸಿಗೇಲೇ ಬೆಳೆದೋಳು.”

“ಆ ಕಡೆ ಹೋಗಿ ನಿಂತ್ಕೋ. ಒಳಗೆ ಹೋಗೋಳು ಆಚೆಗಾದ್ರೂ ಹೋಗ್ಲಿ.”

ಜೊವಿತಾ ಫಾದರ್ ಮುಖ ನೋಡಿದಳು. ಫಾದರ್ ಇದೇ ಸೀಮೆಯಲ್ಲಿ ಹುಟ್ಟಿದವರು. ಪಾದ ಎಲ್ಲಿಂದ ಹಾಯಬಾರದೆಂದು ಅವರಿಗೂ ಗೊತ್ತು, ಯಾವುದು ಪ್ರಾರ್ಥನೆಯ ಪುಸ್ತಕದಲ್ಲಿಲ್ಲವೆಂದೂ ಗೊತ್ತು. ನನ್ನ ಕೆಲಸ ಮುಗಿಯಿತು, ಕಾರಿನ ಹತ್ತಿರ ಇರುತ್ತೇನೆ ಎಂದು ಪುಸ್ತಕ ಮಡಚಿಕೊಂಡು ಹೊರಗೆ ನಡೆದರು.

ಬುನ್ಮಾ ಮಗುವನ್ನು ಎತ್ತಿಕೊಂಡು ಅಂಗಳದ ನಲ್ಲಿಗೆ ಹೋದಳು. ಎಲ್ಲರೂ ನೋಡುತ್ತಿದ್ದರು. ಕಲ್ಲಿನ ಮೇಲೆ ಕೂರಿಸಿ ಆ ಎರಡು ಪಾದಗಳನ್ನು ತೊಳೆದಳು. ಅಂಗಾಲು ಉಜ್ಜಿದಳು, ಬೆರಳ ಸಂದಿ ಉಜ್ಜಿದಳು, ಉಗುರಿನ ಮಣ್ಣನ್ನು ತನ್ನ ಉಗುರಿನಿಂದ ತೆಗೆದಳು. ತಾನು ಉಟ್ಟ ಕಪ್ಪು ಲುಂಗಿಯ ಅಂಚಿನಲ್ಲಿ ಒರೆಸಿದಳು. ಮತ್ತೆ ನೆಲಕ್ಕೆ ಇಳಿಸದೆ ಒಳಗೆ ತಂದು, ಮಗುವನ್ನು ಮಡಿಲಲ್ಲೇ ಹಿಡಿದು ಪೆಟ್ಟಿಗೆಯ ಮುಂದೆ ಮಂಡಿಯೂರಿದಳು.

“ಟೀಚರ್, ತಪ್ಪು ಮಾಡ್ತಿದೀನಿ, ಕ್ಷಮಿಸಿಬಿಡಿ,” ಎಂದಳು. “ನಿಮ್ಮೋರೇ ಹೇಳಿಕೊಟ್ಟಿದ್ದು. ನನಗಿರೋದು ಇದೊಂದೇ. ನಿಮಗೆ ಜೊತೆ ಬೇಕು ಅಂತ ಗೊತ್ತು. ಕೊಡಕ್ಕಾಗಲ್ಲ.”

ಎದ್ದು ನಿಂತು ಮಗುವನ್ನು ಎತ್ತಿದಳು. ಪಾದ ತಾಗದಿರಲೆಂದು ಇನ್ನಷ್ಟು ಮೇಲಕ್ಕೆ, ಆಗುವಷ್ಟು ಮೇಲಕ್ಕೆ ಎತ್ತಿದಳು. ಟೀಚರ್‌ರ ಮುಖದ ನೇರಕ್ಕೆ ಬಂದಾಗ ಫಾಯ್ ಒದ್ದಾಟ ನಿಲ್ಲಿಸಿ ಕೆಳಗೆ ನೋಡಿದಳು. ಇಷ್ಟು ಎತ್ತರದಿಂದ ಅವಳು ಟೀಚರ್‌ರನ್ನು ಎಂದೂ ನೋಡಿರಲಿಲ್ಲ.

“ಟೀಚರ್ ಇಷ್ಟೇ ಇದಾರೆ,” ಎಂದಳು.

ಜೊವಿತಾಳ ಕೈಗಳು ಆಚೆಯಿಂದ ಬಂದು ಇಸಿದುಕೊಂಡವು.

ಮಗು ಜೊವಿತಾಳ ಹೆಗಲಿಗೆ ಗಲ್ಲ ಊರಿತು. ಅತ್ತಿತು, ಜೋರಾಗಿ, ಊರಿಗೆಲ್ಲ ಕೇಳುವ ಹಾಗೆ. ಬುನ್ಮಾ ಸುತ್ತಿ ಬರುವಷ್ಟರಲ್ಲಿ ಅಳು ಬಿಕ್ಕಾಗಿ, ಬಿಕ್ಕು ಉಸಿರಾಗಿ, ಜೋತುಬಿದ್ದ ಕಾಲುಗಳು ಸಡಿಲವಾದವು. ಬುನ್ಮಾ ಹೆದರಿ ಮೂಗಿನ ಬಳಿ ಬೆರಳಿಟ್ಟು ನೋಡಿದಳು. ಉಸಿರು ಬೆಚ್ಚಗೆ ಬರುತ್ತಿತ್ತು. ನಿದ್ದೆ.

ಗಂಡಸರು ಮುಚ್ಚಳ ಹಿಡಿದು ಕಾಯುತ್ತಿದ್ದರು. ಇನ್ನು ಹಾಕಬಹುದೆಂದು ಹೇಳಹೊರಟ ಬುನ್ಮಾಳ ಕಣ್ಣು ಬಾಗಿಲ ಕಡೆ ಹೋಯಿತು. ಅಂಗಳದಲ್ಲಿ ನಲ್ಲಿ ಇನ್ನೂ ಹರಿಯುತ್ತಿತ್ತು. ಪಕ್ಕದ ಮನೆಯವಳು ತನ್ನ ಮೊಮ್ಮಗನ ಬೂಟು ಬಿಚ್ಚಿ ಕಾಲು ತೊಳೆಯುತ್ತಿದ್ದಳು. ಅವಳ ಹಿಂದೆ ತಾಯಂದಿರು, ಒಬ್ಬೊಬ್ಬರ ಕೈಯಲ್ಲೂ ಬರಿಗಾಲಿನ ಒಂದು ಮಗು, ಸಾಲು ಗೇಟಿನವರೆಗೆ. ಎಲ್ಲರಿಗಿಂತ ಹಿಂದೆ ಥವೀ, ನಲವತ್ತು ದಾಟಿದ, ಎಂಜಿನ್ನನ್ನೇ ಎತ್ತಿಡುವ ಆಳು, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. ನಿನ್ನನ್ನು ಎತ್ತುವವರು ಯಾರಪ್ಪ ಎಂದು ಒಬ್ಬರು ಕೇಳಿದರು. ಅವನು ಪ್ಯಾಂಟಿನ ಅಂಚನ್ನು ಮಂಡಿಯವರೆಗೆ ಮಡಚಿಕೊಳ್ಳತೊಡಗಿದ.