ಕೊಳದಿಂದ ಏಳದ ದುರ್ಯೋಧನನ ಗದೆ

ನಾನು ಒಂದು ಗದೆ. ಗದೆ ಎಂದ ಕೂಡಲೇ ಎದೆ ಹಿಡಿದುಕೊಳ್ಳಬೇಡಿ. ನಾನು ಹುಟ್ಟಿದ್ದು ಸೋರೆಬಳ್ಳಿಯಲ್ಲಿ. ತುಮಕೂರು ಸೀಮೆಯ ಒಂದು ಹಿತ್ತಿಲಲ್ಲಿ ಎಷ್ಟು ದಪ್ಪಗೆ ಊದಿಕೊಂಡೆನೆಂದರೆ, ನಾನು ಬೇಲಿಯ ಮೇಲಿರುವ ಬದಲು ಬೇಲಿಯೇ ನನ್ನ ಮೇಲೆ ಒರಗಿಕೊಂಡಿತ್ತು. ಸಾರಿಗೆಂದು ಕೊಯ್ಯಲು ಬಂದವರೆಲ್ಲ ನನ್ನ ಗಾತ್ರ ನೋಡಿ ಹಿಂದಕ್ಕೆ ಹೋದರು. ಹಾಗೇ ಬಲಿತೆ, ಒಣಗಿದೆ. ನಾಟಕದ ಸಾಮಾನು ಮಾಡುವ ಗುರುಶಾಂತಾಚಾರಿ ಎಂಬ ಮುದುಕ ನನ್ನನ್ನು ಕಿತ್ತು, ತಿರುಳು ತೆಗೆದು, ಬಿದಿರಿನ ಹಿಡಿ ತೂರಿಸಿ, ಹರಕು ಪಂಚೆಗೆ ಮೈದಾ ಅಂಟು ಸವರಿ ಸುತ್ತಿ, ಮೇಲೆ ಚಿನ್ನದ ಬಣ್ಣ ಬಳಿದ. ಪಲ್ಯವಾಗಬೇಕಿದ್ದ ನಾನು ಮಹಾರಾಜರ ಹೆಗಲೇರಿದೆ.

ನನ್ನನ್ನು ಕೊಂಡವನು ಡ್ರೆಸ್ ಗವಿಯಪ್ಪ. ನಾಟಕಗಳಿಗೆ ಕಿರೀಟ, ಮೀಸೆ, ಬಿಲ್ಲು ಬಾಣ ಬಾಡಿಗೆಗೆ ಕೊಡುವ ಆಸಾಮಿ. ಅವನ ಅಂಗಡಿಯಿಂದ ನಾನು ನೋಡದ ಭೀಮನಿಲ್ಲ. ಬಸ್ ಕಂಡಕ್ಟರ್ ಭೀಮ, ಮಾತಿನ ಮಧ್ಯೆ ಸೀಟಿ ಊದುವವನಂತೆ ತುಟಿ ಮುಂದೆ ಮಾಡುತ್ತಿದ್ದ. ಇನ್ನೊಬ್ಬ ಎಷ್ಟು ಬಡಕಲೆಂದರೆ, ನಾನೇ ಅವನನ್ನು ಎತ್ತಿಕೊಂಡು ರಂಗದ ಮೇಲೆ ಓಡಾಡಿಸಿದೆ ಎನ್ನಬೇಕು.

ನಮ್ಮ ಕಡೆಯ ಪದ್ಧತಿ ನಿಮಗೆ ತಿಳಿದಿರಲಿ. ಊರವರು ಸೇರಿ ಆಡುವ ಈ ಪೌರಾಣಿಕ ನಾಟಕಗಳಲ್ಲಿ ಪಾತ್ರ ಮಾಡಿದವರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಮಾಡುವವರೇ ದುಡ್ಡು ಕಟ್ಟಿ ಪಾತ್ರ ಹಿಡಿಯಬೇಕು. ಕೃಷ್ಣನಿಗೂ ದುರ್ಯೋಧನನಿಗೂ ಬಂಗಾರದ ರೇಟು. ಒಬ್ಬನಿಗೇ ಭಾರವಾದರೆ ಪಾತ್ರವನ್ನು ದೋಸೆಯಂತೆ ಹರಿದು ಹಂಚಿಕೊಳ್ಳುತ್ತಾರೆ. ಮೊದಲರ್ಧಕ್ಕೆ ಒಬ್ಬ ದುರ್ಯೋಧನ, ಕೊನೆಗೆ ಇನ್ನೊಬ್ಬ.

ಒಂದು ವರ್ಷ ಊರವರು ಆಡಿದ ಕುರುಕ್ಷೇತ್ರ ನಾಟಕದಲ್ಲಿ ಆ ಕೊನೆಯ ದುರ್ಯೋಧನನ ಪಾತ್ರ ಹಿಡಿದವನು ಮೂಡಲಗಿರಿ. ಹಿಟ್ಟಿನ ಗಿರಣಿ ನಡೆಸುವವನು. ಹುಬ್ಬು, ಮೀಸೆ, ರೆಪ್ಪೆ, ಎಲ್ಲ ಬಿಳಿ. ಸ್ನಾನ ಮಾಡಿದ ದಿನ ಹೆಂಡತಿಯೇ ಗುರುತು ಹಿಡಿಯದೆ ಬಾಗಿಲು ಹಾಕಿಕೊಂಡಳಂತೆ. ಗಿರಣಿಯ ಮೋಟರಿಗೆಂದು ಮಾಡಿದ ಸಾಲವನ್ನು ವರ್ಷಗಟ್ಟಲೆ ಕಟ್ಟಿ, ನಲವತ್ತು ತುಂಬುವ ಹೊತ್ತಿಗೆ ತೀರಿಸಿದ್ದ. ತೀರಿಸಿದ ವಾರವೇ ನನ್ನನ್ನು ಅಭ್ಯಾಸಕ್ಕೆಂದು ಗವಿಯಪ್ಪನಿಂದ ತಂದು ಗಿರಣಿಯಲ್ಲಿ ನಿಲ್ಲಿಸಿದ. ಹೆಂಡತಿ ಸಿದ್ದಗಂಗಮ್ಮ ನನ್ನನ್ನು ನೋಡಿದವಳೇ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

“ಸಾಲ ತೀರ್ತು, ಇನ್ನಾದ್ರೂ ನೆಮ್ಮದಿಯಾಗಿ ಒಂದು ತುತ್ತು ಉಣ್ಣಾನ ಅಂದ್ರೆ ಇನ್ನೊಂದು ಸಾಲ ಮಾಡ್ತೀನಿ ಅಂತೀಯಲ್ಲ. ದೆವ್ವ ಗಿವ್ವ ಮೆಟ್ಕಂಡೈತಾ?”

“ನಲವತ್ತಾಯ್ತು ಕಣೆ ಗಂಗಾ. ಇಲ್ಲೀಗಂಟ ನನ್ ಮಾತು ಯಾರಾದ್ರೂ ಕೇಳವ್ರಾ? ಈ ಸದ್ದಿನಾಗೆ ‘ನುಣ್ಣಗೆ ಬೇಕಾ, ತರಿ ಬೇಕಾ’ ಅಂತ ಕಿರುಚಿದ್ದಷ್ಟೇ ಬಂತು. ಒಂದೇ ಒಂದು ದಿನ ಮೈಕಿನ ಮುಂದೆ ನಿಂತು ಮಾತಾಡ್ತೀನಿ. ಆಮ್ಯಾಕೆ ಸತ್ರೂ ನಾಟ್ಕದ ಸುದ್ದಿ ಎತ್ತಲ್ಲ.”

“ಸತ್ರೆ ಕಂತು ಯಾರು ಕಟ್ಟಾದು, ನಿನ್ ಗದೆಯಾ?”

ಬೈದಳು, ಅತ್ತಳು, ಆಮೇಲೆ ತನ್ನ ಹೆಸರಿನಲ್ಲೇ ಹೆಂಗಸರ ಸಂಘದ ಸಾಲ ತೆಗೆದು ಕೊಟ್ಟಳು. ವಾರವಾರ ಕಂತು.

ಅಂದಿನಿಂದ ಹಾರ್ಮೋನಿಯಂ ಮೇಷ್ಟ್ರು ಶಿವನಂಜಪ್ಪ ಗಿರಣಿಗೇ ಬಂದು ಹೇಳಿಕೊಟ್ಟರು. ಯುದ್ಧದಲ್ಲಿ ಎಲ್ಲ ಕಳೆದುಕೊಂಡ ದುರ್ಯೋಧನ ಕೊಳದಲ್ಲಿ ಅಡಗಿ ಕೂತಿದ್ದಾನೆ. ಭೀಮ ದಡದಲ್ಲಿ ನಿಂತು ಹಂಗಿಸುತ್ತಾನೆ. ಅಭಿಮಾನ ತಡೆಯದೆ ದುರ್ಯೋಧನ ಗದೆ ಹಿಡಿದು ಮೇಲೆದ್ದು ಬರುತ್ತಾನೆ. ಆ ಒಂದು ಸೀನು. ಮೂಡಲಗಿರಿ ಅದನ್ನು ಹಗಲೆಲ್ಲ ಒದರಿದ. ರಾಗಿ ತಂದ ಹೆಂಗಸರು ಭೀಮನಾಗಿ ನಿಂತು ಉತ್ತರ ಕೊಡಬೇಕಾಯಿತು. ಒಬ್ಬ ಅಜ್ಜಿ ಅವನ ಅಬ್ಬರಕ್ಕೆ ಬೆಚ್ಚಿ, “ನಿನ್ ಕೂಲಿ ಜಾಸ್ತಿ ಆದ್ರೂ ಕೊಡ್ತೀನಿ ಕಣಪ್ಪಾ, ಹೊಡಿಬ್ಯಾಡ” ಎಂದಳು. ಕೇಳಿ ಕೇಳಿ ನನಗೇ ಎಲ್ಲ ಬಾಯಿಪಾಠವಾಯಿತು.

ನಾಟಕದ ದಿನ ಬಂತು. ಪಟ್ಟಣದ ರಂಗಮಂದಿರ. ಬೆಳಿಗ್ಗೆ ಶುರುವಾಗಿ ಸಂಜೆ ಆರಕ್ಕೆ ಜಾಗ ಬಿಡಬೇಕೆಂಬ ಕರಾರು. ಮೊದಲ ಕೃಷ್ಣ ಸೈಟು ಮಾರುವ ಧಣಿ. ಅವನ ನೆಂಟರು ಎರಡು ಲಾರಿಯಷ್ಟಿದ್ದರು. ಒಂದು ಹಾಡು ಮುಗಿದರೆ ಶಿಳ್ಳೆ, ಒನ್ಸ್ ಮೋರ್, ನಾಟಕ ನಿಲ್ಲಿಸಿ ನೋಟಿನ ಹಾರ. ಭಾವನ ಹಾರ, ಷಡ್ಡಕನ ಉಂಗುರ, ಪಾರ್ಟಿಯವರ ಶಾಲು. ಒಂದೊಂದಕ್ಕೂ ಮೈಕಿನಲ್ಲಿ ಹೆಸರು ಕೂಗಬೇಕು. ಕೃಷ್ಣನ ಮುಖ ಹಾರದೊಳಗೆ ಮುಚ್ಚಿಹೋಗಿ, ಅರ್ಜುನ ಬೇರೆ ಯಾರಿಗೋ ಕೈಮುಗಿದ. ಮೊದಲ ದುರ್ಯೋಧನ ರಸ್ತೆ ಕಂಟ್ರಾಕ್ಟರು. ಅವನು ಕೃಷ್ಣನಿಗಿಂತ ಕಡಿಮೆಯಾದಾನೇ? ಅವನ ಹಾರಗಳ ಮೆರವಣಿಗೆಯಲ್ಲೇ ಮಧ್ಯಾಹ್ನ ಕಳೆದುಹೋಯಿತು.

ಮೂಡಲಗಿರಿ ಬೆಳಿಗ್ಗೆಯೇ ಬಣ್ಣ ಹಚ್ಚಿಸಿಕೊಂಡು, ಕಿರೀಟ ಕಟ್ಟಿಕೊಂಡು, ಪರದೆಯ ಪಕ್ಕ ನನ್ನನ್ನು ಹಿಡಿದು ನಿಂತಿದ್ದ. ಊಟಕ್ಕೂ ಹೋಗಲಿಲ್ಲ, ಅಂಟಿಸಿದ ಮೀಸೆ ಕಿತ್ತುಬಂದರೆ ಎಂಬ ಭಯ. ಅವನ ಅಂಗೈ ಬೆವರಿಗೆ ನನ್ನ ಬಣ್ಣ ಕರಗಿ, ಕೈಯೆಲ್ಲ ಚಿನ್ನವಾಗಿತ್ತು. ತುಟಿ ಮಾತ್ರ ಆಡುತ್ತಲೇ ಇತ್ತು.

ಕರ್ಣ ಸತ್ತ. ಇನ್ನು ಕೊಳದ ಸೀನು. ನೀಲಿ ಪರದೆ ಇಳಿಬಿಡಲು ಹಗ್ಗಕ್ಕೆ ಕೈ ಹಾಕಿದ್ದರು. ಅಷ್ಟರಲ್ಲಿ ಆರು ಹೊಡೆಯಿತು, ರಂಗಮಂದಿರ ನೋಡಿಕೊಳ್ಳುವವನು ಬಂದು ಮೈಕು ಆರಿಸಿದ.

“ಇನ್ನೊಂದೇ ಸೀನೈತೆ ಸಾ, ಹತ್ತೇ ನಿಮಿಷ,” ಮೂಡಲಗಿರಿ ಅವನ ಮುಂದೆ ಓಡಿದ.

“ಹತ್ತು ನಿಮಿಷ ಅಂದು ನಿಮ್ ಕೃಷ್ಣ ಒಂದು ಗಂಟೆ ಹಾಡ್ದ. ಇಳೀರಯ್ಯ. ಅಲ್ಲಿ ನೋಡು, ಇನ್ನೊಂದು ಕುರುಕ್ಷೇತ್ರ ಬಂದು ನಿಂತೈತೆ!”

ನಿಜವೇ. ಬಾಗಿಲಲ್ಲಿ ಮುಂದಿನ ತಂಡದವರು ನೀಲಿ ಮುಖದ ಕೃಷ್ಣರನ್ನು ಸಾಲಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದರು.

“ಸಾ, ನಾನು ದುಡ್ಡು ಕಟ್ಟಿವ್ನಿ ಸಾ.”

“ನಂಗ್ ಕಟ್ಟಿದ್ದೀಯೇನಯ್ಯ?”

ಶಿವನಂಜಪ್ಪ ಮೇಷ್ಟ್ರು ಅವನ ಮುಖ ನೋಡಲಿಲ್ಲ. “ಬಾರಪ್ಪ, ಮಂಗಳ ಹಾಡಿಬಿಡಾನ. ಎಲ್ರ ಜೊತೆ ನಿಂತ್ಕೊ,” ಎಂದರು.

ಮೂಡಲಗಿರಿ ಹಿಂದಿನ ಸಾಲಿನಲ್ಲಿ ನಿಂತ. ಮುಂದೆ ಕಂಟ್ರಾಕ್ಟರನ ಕಿರೀಟ. ಕೆಳಗೆ ಸಿದ್ದಗಂಗಮ್ಮನ ತಮ್ಮ ಸೇವಂತಿಗೆ ಹಾರ ಹಿಡಿದು ಕುತ್ತಿಗೆ ಉದ್ದ ಮಾಡುತ್ತಿದ್ದ. “ಅಕ್ಕಾ, ಭಾವ ಎಲ್ಲವ್ರೆ?”

“ಅಕೋ, ಆ ಗದೆ ಕಾಣ್ತದಲ್ಲ, ಅದ್ರ ಕೆಳಗವ್ರೆ.”

ಆ ಹಾರವನ್ನು ಆಮೇಲೆ ಗೇಟಿನ ಹತ್ತಿರ, ಕಡ್ಲೇಕಾಯಿ ಗಾಡಿಯ ಪಕ್ಕ, ಅವನಿಗೆ ಹಾಕಿದರು. ಯಾರೂ ಹೆಸರು ಕೂಗಲಿಲ್ಲ. ಸಾಮಾನು ತುಂಬುವ ಗಡಿಬಿಡಿಯಲ್ಲಿ ಯಾರೋ ನನ್ನನ್ನು ತುಳಿದು ಸೀಳಿದ್ದರು. ಗವಿಯಪ್ಪ ನನ್ನ ಬೆಲೆಯನ್ನೂ ಮೂಡಲಗಿರಿಯ ತಲೆಗೇ ಕಟ್ಟಿದ. ಹಾಗೆ ನಾನು ಅವನ ಸ್ವಂತ ಆಸ್ತಿಯಾದೆ.

ಗಿರಣಿಯ ಮೂಲೆ ನನ್ನ ಮನೆಯಾಯಿತು. ಆಡದ ಮಾತಿಗೆ ವಾರವಾರ ಕಂತು ಕಟ್ಟುವುದನ್ನು ಅಲ್ಲಿಂದ ನೋಡಿದೆ. ಸಿದ್ದಗಂಗಮ್ಮ ಹಪ್ಪಳ ಒತ್ತಿದಳು, ಕೊಟ್ಟಿಗೆಯ ಕುರಿ ಮಾರಿದಳು. ಒಂದು ದಿನವೂ ನನ್ನನ್ನು ಒಲೆಗೆ ಹಾಕಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಅವತ್ತೇ ಹಾಕಿ, ಅದೇ ಉರಿಯಲ್ಲಿ ಮುದ್ದೆ ಬೇಯಿಸುತ್ತಿದ್ದೆ. ಮೂಡಲಗಿರಿ ನಾಟಕದ ಸುದ್ದಿ ಎತ್ತಲಿಲ್ಲ, ಹೇಳಿದಂತೆ ನಡೆದ. ಬೇರೆ ಸುದ್ದಿಯನ್ನೂ ಎತ್ತಲಿಲ್ಲ. ರಾಗಿ ತಂದವರು, “ಏನ್ ದುರ್ಯೋಧನಪ್ಪಾ, ಇನ್ನೂ ನೀರೊಳಗೇ ಇದ್ದೀಯಾ?” ಎಂದು ಕಿಚಾಯಿಸುತ್ತಿದ್ದರು. ಆರಂಭದಲ್ಲಿ ನಗುತ್ತಿದ್ದ. ಬರಬರುತ್ತ ನುಣ್ಣಗೋ ತರಿಯೋ ಎಂದು ಕೇಳುವುದನ್ನೂ ಬಿಟ್ಟು, ಕೈಸನ್ನೆ ಮಾಡತೊಡಗಿದ. ನನ್ನ ಮೈಗೆ ಹಿಟ್ಟು ಕೂತಿತು, ನುಸಿ ಹಿಡಿಯಿತು.

ಕೊನೆಯ ಕಂತು ಕಟ್ಟಿದ ಮಧ್ಯಾಹ್ನ ಸಿದ್ದಗಂಗಮ್ಮ ಗಿರಣಿಗೆ ಬಂದಳು. ಕರೆಂಟು ಹೋಗಿ ಎಲ್ಲ ಗಪ್ಪೆಂದಿತ್ತು. ನನ್ನನ್ನು ಸೆರಗಿನಲ್ಲಿ ಒರೆಸಿ ಅವನ ಕೈಗಿಟ್ಟು, ಗೋಣಿಚೀಲದ ಮೇಲೆ ಕೂತಳು.

“ತೀರ್ತು. ಈಗ ಹೇಳು. ನಾನು ಕೇಳ್ತೀನಿ.”

“ಬಿಡೆ, ಅದೇನು...”

“ಎಷ್ಟು ಹಪ್ಪಳ ಒತ್ತಿವ್ನಿ ಗೊತ್ತಾ ಇದ್ಕೆ? ಹೇಳು.”

ಮೂಡಲಗಿರಿ ಎದ್ದು ನಿಂತ. ನನ್ನನ್ನು ಹೆಗಲಿಗೇರಿಸಿದ. ಎದೆ ಉಬ್ಬಿತು. “ಎಲವೋ ಭೀಮಾ! ಕೌರವೇಶ್ವರನು ಬಂದಿರುವನು, ನೋಡು...”

ಅಷ್ಟೇ. ಬಾಯಿ ತೆರೆದೇ ಇತ್ತು. ಕಣ್ಣು ಗೋಡೆ, ಸೂರು, ಹೆಂಡತಿಯ ಮುಖ ಎಲ್ಲ ಹುಡುಕಿತು. ಮತ್ತೆ ಮೊದಲಿಂದ ಹೇಳಿದ. ಮತ್ತೆ ಅಲ್ಲೇ ನಿಂತ.

“ನಿಧಾನಕ್ಕೆ,” ಎಂದಳು ಅವಳು. ಅವಳಿಗೂ ಮುಂದಿನದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೊಬ್ಬನಿಗೇ. ಪ್ರತಿ ಅಕ್ಷರ, ಪ್ರತಿ ಉಸಿರು. ಹೇಳಿಕೊಡೋಣವೆಂದರೆ ಗದೆಗೆ ಬಾಯಿ ಎಲ್ಲಿಂದ ಬರಬೇಕು?

ಕರೆಂಟು ಬಂತು. ಮೂಡಲಗಿರಿ ನನ್ನನ್ನು ಗೋಡೆಗೆ ಒರಗಿಸಿ, ಗಿರಣಿಯ ಸ್ವಿಚ್ಚು ಹಾಕಿದ. ಅರೆಯಲು ಕಾಳೊಂದೂ ಇರಲಿಲ್ಲ. ಬರಿಗಲ್ಲು ತಿರುಗುತ್ತಿತ್ತು. ಸಿದ್ದಗಂಗಮ್ಮ ಅವನಿಗೆ ಏನೋ ಹೇಳಿದಳು. ಆ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ, ಅವನಿಗೂ ಕೇಳಿಸಿದಂತೆ ಕಾಣಲಿಲ್ಲ.