ಒದ್ದೆ ಬೆರಳು

ಬೋರಯ್ಯ ಕ್ಯಾಮರಾದ ಸ್ಟ್ಯಾಂಡನ್ನು ಹೆಗಲ ಮೇಲೆ ಹೊತ್ತು ಸ್ಟುಡಿಯೋದ ಹೊಸ್ತಿಲು ದಾಟುವಷ್ಟರಲ್ಲಿ ತಮ್ಮಯ್ಯ ಅಡ್ಡ ಬಂದು ಅದರ ಒಂದು ಕಾಲನ್ನು ಹಿಡಿದುಕೊಂಡ.

"ಒಳೀಕೆ ಮಡಗು ಬೋರಯ್ಯ."

"ಯಾಕ್ಲಾ? ನಾಗಮಂಗ್ಲದ ಬಸ್ಸು ಬರೋ ಹೊತ್ತಾಯ್ತು. ಮಗಳು ಬಂದೇಟ್ಗೆ ಒಂದು ಫೋಟ ತಗುದ್ಬುಟ್ರೆ ಆಮ್ಯಾಕೆ ಎತ್ತಬೋದು."

"ಬ್ಯಾಡ ಅಂದ್ನಲ್ಲ."

"ತಾಲ್ಲೂಕಿನ ಹೆಣನೆಲ್ಲ ಕೂರಿಸಿ ತಗುದವ್ನು ನೀನು. ನಿನ್ನೆಂಡ್ರುದು ಬ್ಯಾಡ್ವಾ?"

ತಮ್ಮಯ್ಯ ಸ್ಟ್ಯಾಂಡನ್ನು ಎಳೆದುಕೊಂಡು ಒಳಗಿಟ್ಟು ಬಂದ. ಪಕ್ಕದ ಸೈಕಲ್ ಅಂಗಡಿಯ ಬೋರಯ್ಯ ಅವನಿಗೆ ಮೂವತ್ತು ವರ್ಷದ ಗೆಳೆಯ. ಮುಖ ನೋಡಿ ಜಗಲಿಯ ಕಡೆಗೆ ನಡೆದ.

ಪಾಂಡವಪುರದ ಪೇಟೆ ಬೀದಿಯಲ್ಲಿ ಮುಂದೆ ತಮ್ಮಯ್ಯನ ಫೋಟೋ ಸ್ಟುಡಿಯೋ, ಹಿಂದೆ ಮನೆ. ಪಕ್ಕದ ಜಗಲಿಯ ಮೇಲೆ ಅವನ ಹೆಂಡತಿ ಪುಟ್ಟಲಕ್ಷ್ಮಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಸಿರು ಸೀರೆ, ಕೆನ್ನೆಗೆ ಅರಿಸಿನ, ಹಣೆಯಲ್ಲಿ ಕಾಸಗಲದ ಕುಂಕುಮ. ಬಾಯಿ ತೆರೆದುಕೊಳ್ಳದಂತೆ ಗದ್ದದ ಕೆಳಗಿಂದ ನೆತ್ತಿಗೆ ಒಂದು ಬಿಳಿ ಬಟ್ಟೆ ಕಟ್ಟಿದ್ದರು. ನಿನ್ನೆ ಸಂಜೆ ಒಲೆಯ ಮುಂದೆ ಕೂತವಳು ಹಾಗೇ ಪಕ್ಕಕ್ಕೆ ವಾಲಿದ್ದಳು. ನಲವತ್ತೆಂಟೋ ನಲವತ್ತೊಂಬತ್ತೋ, ಯಾರಿಗೂ ಸರಿಯಾಗಿ ತಿಳಿಯದು.

"ಮುತ್ತೈದೆ ಸಾವು. ಪುಣ್ಯಾತ್ಗಿತ್ತಿ," ಎಂದಳು ಒಬ್ಬಳು.

"ಪುಣ್ಯ ಎಲ್ಬಂತು ಬುಡವ್ವ. ಇನ್ನಿಪ್ಪತ್ತೊರ್ಸ ಬದುಕೋಳು," ಎಂದಳು ತಲೆಯ ಹತ್ತಿರ ಕೂತು ನೊಣ ಓಡಿಸುತ್ತಿದ್ದ ಬೈರಮ್ಮ. ಎದುರು ಮನೆಯ ಬೈರಮ್ಮನಿಗೆ ಅರವತ್ತು ದಾಟಿತ್ತು. ರಾತ್ರಿಯಿಂದ ಅವಳು ಅಲ್ಲಿಂದ ಎದ್ದಿರಲಿಲ್ಲ.

ಬಸ್ಸು ಬಂತು. ಕಂಡಕ್ಟರನ ಕೈಯಲ್ಲಿ ಸುದ್ದಿ ತಲುಪಿ ಹೊರಟುಬಂದ ಮಗಳು ಚಲುವಮ್ಮ ಬೀದಿಯ ತುದಿಯಿಂದಲೇ ಎದೆ ಬಡಿದುಕೊಂಡು ಓಡಿಬಂದಳು. ಅತ್ತು ಅತ್ತು ದನಿ ಬಿದ್ದುಹೋದ ಮೇಲೆ, ಅವ್ವನ ಮೊಣಕಾಲಿಗೆ ತಲೆ ಕೊಟ್ಟುಕೊಂಡೇ ಕೇಳಿದಳು:

"ಅಪ್ಪ, ಅವ್ವುಂದು ಒಂದಾದ್ರೂ ಫೋಟ ಇದ್ದದಾ?"

ತಮ್ಮಯ್ಯ ಇಲ್ಲವೆಂದು ತಲೆಯಾಡಿಸಿದ.

ಮನೆಯೊಳಗೆ ಡಬ್ಬಗಟ್ಟಲೆ ಫೋಟೋದ ಗಾಜಿನ ಪ್ಲೇಟುಗಳಿದ್ದವು. ಮದುವೆ ಗಂಡುಗಳು, ಚೇರ್ಮನ್ನರು, ಸ್ಕೂಲಿನ ಮಕ್ಕಳು, ಹಾಲು ಕರೆಯುವ ಪಂದ್ಯದಲ್ಲಿ ಗೆದ್ದ ಎಮ್ಮೆ. ಅವಳದ್ದು ಇರಲಿಲ್ಲ. ಫೋಟೋ ತೆಗೆಯುವಾಗೆಲ್ಲ ಅವಳು ನೆರಳಿನ ಕಡೆಗೆ ಬೆಳಕು ಬೀಳುವಂತೆ ಬಿಳಿ ಪಂಚೆ ಹಿಡಿದು ನಿಂತಿರುತ್ತಿದ್ದಳು, ಫೋಟೋದ ಅಂಚಿನಿಂದ ಒಂದು ಮೊಳ ಆಚೆ.

"ಅಂಗಾರೆ ಈಗ್ಲಾರ ತಗಿ. ಬೇರೇವ್ರಿಗೆ ಮಾಡ್ಕೊಡ್ತಿದ್ಯಲ್ಲ, ಅಂಗೇ ಕಣ್ಣು ಬುಟ್ಟಿರಂಗೆ ಮಾಡ್ಕೊಡು."

ತಮ್ಮಯ್ಯ ಕಂಬ ಹಿಡಿದು ಕೂತುಬಿಟ್ಟ.

*

ಆ ಕಾಲಕ್ಕೆ ಸುತ್ತಿನ ಹಳ್ಳಿಗಳಲ್ಲಿ ಬದುಕಿದ್ದಾಗ ಫೋಟೋ ತೆಗೆಸಿಕೊಂಡವರು ಕಡಿಮೆ. ಸತ್ತ ಮೇಲೆ ಮನೆಯವರಿಗೆ ಗಾಬರಿಯಾಗುತ್ತಿತ್ತು. ಮುಖ ಮರೆತುಹೋದರೆ ಎಂದು ಸೈಕಲ್ ಹತ್ತಿಸಿ ತಮ್ಮಯ್ಯನ ಬಳಿಗೆ ಯಾರನ್ನಾದರೂ ಓಡಿಸುತ್ತಿದ್ದರು. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಸುತ್ತ ಮಕ್ಕಳು ಮರಿಗಳನ್ನು ನಿಲ್ಲಿಸಿ, ಅವನು ಕರಿ ಬಟ್ಟೆಯೊಳಗೆ ತಲೆ ತೂರಿಸಿ "ಅಲ್ಲಾಡಬ್ಯಾಡಿ" ಎನ್ನುತ್ತಿದ್ದ. ವಾರದ ಮೇಲೆ ಫೋಟೋ ಬಂದಾಗ ಸತ್ತವರು ಕಣ್ಣು ತೆರೆದು ಕೂತಿರುತ್ತಿದ್ದರು. ತಮ್ಮಯ್ಯನ ಕೈಗುಣ ಅಂತ ಕಿಕ್ಕೇರಿಯಿಂದಲೂ ಹುಡುಕಿಕೊಂಡು ಬರುತ್ತಿದ್ದರು.

ಆ ಕಣ್ಣುಗಳನ್ನು ಬರೆಯುತ್ತಿದ್ದವಳು ಪುಟ್ಟಲಕ್ಷ್ಮಮ್ಮ.

ಮದುವೆಯಾದ ಹೊಸದರಲ್ಲಿ ಪ್ರಿಂಟಿನ ಮೇಲಿನ ಬಿಳಿ ಚುಕ್ಕೆಗಳಿಗೆ ಮಸಿ ಮುಟ್ಟಿಸುವ ಟಚಿಂಗ್ ಕೆಲಸವನ್ನು ಗಂಡ ಹೇಳಿಕೊಟ್ಟಿದ್ದ. ಒಂದು ದಿನ ಮುಚ್ಚಿದ ರೆಪ್ಪೆಯ ಮೇಲೆ ಅವಳೇ ಸಣ್ಣ ಕುಂಚದಲ್ಲಿ ಕಣ್ಣಿಟ್ಟು ತೋರಿಸಿದಳು. ಅವನು ಬಹಳ ಹೊತ್ತು ನೋಡಿ, "ಯಾರ್ಗೂ ಯೋಳ್ಬ್ಯಾಡ" ಎಂದ. ಹೇಳಬೇಕೆಂದು ಅವಳಿಗೂ ಅನ್ನಿಸಿರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಕಿಟಕಿಯ ಪಕ್ಕ ಕೂತು, ಪುಟ್ಟ ಮಗಳು ಚಲುವಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದಳು. ಬರೆಯುವ ಮೊದಲು ಸತ್ತವರ ಮನೆಯ ಹೆಂಗಸರನ್ನು ಹಿತ್ತಿಲಿಗೆ ಕರೆದು ಮಜ್ಜಿಗೆ ಕೊಟ್ಟು ಕೇಳುತ್ತಿದ್ದಳು: ನಿಮ್ಮತ್ತೆ ಸಿಟ್ಟು ಬಂದಾಗ ಹೆಂಗೆ ನೋಡೋರು? ನಗ್ವಾಗ ಕಣ್ಣು ಮುಚ್ಕೊಳ್ಳೋರಾ? ಹೆಂಗಸರು ಅಳುತ್ತಾ ಹೇಳುತ್ತಿದ್ದರು, ಹೇಳುತ್ತಾ ನಗುತ್ತಿದ್ದರು. ಅವಳು ಅವರ ಮಾತಿಗಿಂತ ಅವರ ಕಣ್ಣನ್ನು ಹೆಚ್ಚಾಗಿ ನೋಡುತ್ತಿದ್ದಳು. ತಾಯಿಯ ಕಣ್ಣು ಮಗಳ ಮುಖದಲ್ಲಿ ಎಲ್ಲೋ ಉಳಿದಿರುತ್ತದೆ ಎಂಬುದು ಅವಳು ಕಂಡುಕೊಂಡಿದ್ದ ಗುಟ್ಟು.

ಕೆಲಸ ಮುಗಿದ ಮೇಲೆ ಒಮ್ಮೊಮ್ಮೆ ಆ ಕಣ್ಣುಗಳು ತನ್ನನ್ನೇ ನೋಡುತ್ತಿವೆ ಅನ್ನಿಸುತ್ತಿತ್ತು. ಇಷ್ಟು ಜನ ನೋಡುತ್ತಾರೆ, ಒಬ್ಬರಿಗೂ ನಾನು ಯಾರೆಂದು ಗೊತ್ತಿಲ್ಲ ಎಂದುಕೊಂಡು ಎದ್ದು ರಾಗಿ ಬೀಸಲು ಹೋಗುತ್ತಿದ್ದಳು.

*

"ನಂಗೆ ಬರಾಕಿಲ್ಲ ಕಣವ್ವ," ಎಂದ ತಮ್ಮಯ್ಯ. "ಕಣ್ಣು ಬರೆಯಾದು ನಂಗೆ ಬರಾಕಿಲ್ಲ. ಎಲ್ಲಾ ನಿಮ್ಮವ್ವನೇ ಬರೀತಿದ್ದದ್ದು. ಒಂದು ಕಣ್ಣೂ ನಂದಲ್ಲ."

ಮೂಲೆಯಲ್ಲಿದ್ದ ಮುದುಕನೊಬ್ಬ, ಮನೆಯಲ್ಲಿ ತನ್ನ ತಾಯಿಯ ಅಂಥದೇ ಒಂದು ಫೋಟೋ ಇಟ್ಟುಕೊಂಡವನು, ಎದ್ದು ಬಂದು ಪುಟ್ಟಲಕ್ಷ್ಮಮ್ಮನ ಮುಖವನ್ನು ಹೊಸದಾಗಿ ನೋಡುವವನಂತೆ ನೋಡಿದ.

ಚಲುವಮ್ಮ ತಲೆಯೆತ್ತಲಿಲ್ಲ. "ನಂಗೊತ್ತಿಲ್ವಾ ಅಪ್ಪ. ಅವ್ಳ ತೊಡೆ ಮ್ಯಾಲೇ ಮಲಗಿರ್ತಿದ್ನಲ್ಲ. ನೀನೇ ಯೋಳ್ಲಿ ಅಂತ ಇಷ್ಟು ದಿನ ಸುಮ್ನಿದ್ದೆ, ಅದ್ಕೇ ಈಗ ಕೇಳ್ದೆ."

ಬೋರಯ್ಯ ಬಾಯಿ ಹಾಕಿದ. "ಆಯ್ತು ಬುಡ್ಲಾ, ಕಣ್ಣು ಅವ್ಳದ್ದು. ಆದ್ರೆ ವಿಮಾನದ ಫೋಟ ನಿಂದೇ ಅಲ್ವಾ? 'ಅಲ್ಲಾಡಬ್ಯಾಡ' ಅಂದಿದ್ಕೆ ಬೆಂಗ್ಳೂರಲ್ಲಿ ವಿಮಾನನೇ ನಿಂತ್ಕತು. ಅದ ಯಾರೂ ಕಿತ್ಕಳ್ಳಾಕಾಗಕಿಲ್ಲ."

ಒಂದಿಬ್ಬರು ಸಣ್ಣಗೆ ನಕ್ಕರು. ಹತ್ತು ವರ್ಷದಿಂದ ಊರಲ್ಲಿ ಓಡಾಡುತ್ತಿದ್ದ ಮಾತು ಅದು. ಆ ಫೋಟೋ ಈಗಲೂ ಸ್ಟುಡಿಯೋದ ಗಾಜಿನ ಹಿಂದೆ ತೂಗುತ್ತಿತ್ತು. ಕೆಳಗೆ ಜನರ ತಲೆಗಳು, ಮೇಲೆ ಆಕಾಶ, ನಡುವೆ ರೆಕ್ಕೆ ಓರೆ ಮಾಡಿದ ಒಂದು ವಿಮಾನ.

ತಮ್ಮಯ್ಯನ ಬಾಯಿಗೆ ಬಂದಿದ್ದು ಅಲ್ಲೇ ನಿಂತಿತು. ಯಾಕೆಂದರೆ ಬೈರಮ್ಮ ಎದುರಿಗೇ ಕೂತಿದ್ದಳು. ಅದು ಬೈರಮ್ಮನ ಮಗನ ವಿಮಾನ. ಹೆಂಡತಿಯ ಕೆಲಸ ಹೆಂಡತಿಯದೆಂದು ಇವತ್ತಲ್ಲದೆ ಇನ್ನು ಯಾವತ್ತು ಹೇಳುವುದು? ಹೇಳಿದರೆ ಈ ಮುದುಕಿಗೆ ಉಳಿಯುವುದೇನು?

ಬೈರಮ್ಮ ನೊಣ ಓಡಿಸುವುದನ್ನು ಚಲುವಮ್ಮನಿಗೆ ಒಪ್ಪಿಸಿ, ಸೊಂಟ ಹಿಡಿದುಕೊಂಡು ಎದ್ದು, ಬೀದಿ ದಾಟಿ ತನ್ನ ಮನೆಗೆ ಹೋದಳು.

*

ಬೈರಮ್ಮನ ಒಬ್ಬನೇ ಮಗ ಚಿಕ್ಕಸ್ವಾಮಿ ವಾಯುದಳ ಸೇರಿದ್ದ. ವಿಮಾನಕ್ಕೆ ಎಣ್ಣೆ ಹುಯ್ಯುವ, ಚಕ್ರ ನೋಡುವ ಕೆಲಸ. ಅರವತ್ತನಾಲ್ಕನೆಯ ಇಸವಿಯ ಬೇಸಗೆಗೆ ಮುಂಚೆ ಅವನಿಂದ ಕಾಗದ ಬಂತು. ಬೆಂಗಳೂರಿನಲ್ಲಿ ವಿಮಾನಗಳ ಪ್ರದರ್ಶನ ಇದೆ, ತಾನು ನೋಡಿಕೊಳ್ಳುವ ವಿಮಾನವೂ ಹಾರುತ್ತದೆ ಎಂದು ಬರೆದು, ಜೊತೆಗೆ ಎರಡು ಪಾಸು ಇಟ್ಟಿದ್ದ. ಬೈರಮ್ಮನಿಗೆ ಮಂಡಿನೋವು. ಪಾಸುಗಳನ್ನು ತಮ್ಮಯ್ಯನ ಕೈಗಿಟ್ಟು, "ನನ್ ಮಗನ ವಿಮಾನದ್ದು ಒಂದು ಫೋಟ ತಂದ್ಕೊಡಪ್ಪ" ಎಂದಳು.

ಗಂಡ ಹೆಂಡತಿ ರೈಲಿನಲ್ಲಿ ಹೋದರು. ಪ್ಲೇಟಿನ ಪೆಟ್ಟಿಗೆ ಅವಳ ತಲೆಯ ಮೇಲೆ, ಸ್ಟ್ಯಾಂಡು ಅವನ ಹೆಗಲ ಮೇಲೆ. ಮರವಿಲ್ಲದ ಬಯಲು, ಜಾತ್ರೆಗಿಂತ ಹೆಚ್ಚು ಜನ. ಸೂಟು ಹಾಕಿದವರು ಕತ್ತಿನಲ್ಲಿ ನೇತುಹಾಕಿಕೊಂಡ ಪುಟ್ಟ ಕ್ಯಾಮರಾಗಳನ್ನು ಕಣ್ಣಿಗೆ ಒತ್ತಿಕೊಂಡು ಆಕಾಶದುದ್ದಕ್ಕೂ ತಿರುಗುತ್ತಿದ್ದರು. ತಮ್ಮಯ್ಯ ಮಾತ್ರ ಮೂರು ಕಾಲಿನ ಸ್ಟ್ಯಾಂಡ್ ನೆಟ್ಟು ಕರಿ ಬಟ್ಟೆಯೊಳಗೆ ಹೊಕ್ಕ.

ವಿಮಾನ ಬಂತು. ಸದ್ದು ಕೇಳಿದ ಕಡೆಗೆ ಅವನು ಕ್ಯಾಮರಾ ತಿರುಗಿಸಿದ. ಅಭ್ಯಾಸಬಲದಿಂದ "ಅಲ್ಲಾಡಬ್ಯಾಡಿ!" ಎಂದು ಕೂಗಿಯೂಬಿಟ್ಟ. ಸುತ್ತಲಿನವರು ಹೋ ಎಂದು ನಕ್ಕರು.

ಸದ್ದು ಬಂದ ಕಡೆ ನೋಡಿದರೆ ಅಲ್ಲಿ ವಿಮಾನ ಇರುವುದಿಲ್ಲ, ಅದು ಆಗಲೇ ಮುಂದೆ ಹೋಗಿರುತ್ತದೆ. ಎರಡನೆಯ ಸಲಕ್ಕೇ ಪುಟ್ಟಲಕ್ಷ್ಮಮ್ಮನಿಗೆ ಇದು ತಿಳಿಯಿತು. "ಸದ್ದಿನ್ಕಿಂತ ಮುಂದ್ಕೆ ನೋಡಿ," ಎಂದಳು. ಬಟ್ಟೆಯೊಳಗಿಂದ "ಸುಮ್ನಿರು" ಎಂಬ ಉತ್ತರ ಬಂತು.

ಅವಳು ಸುಮ್ಮನಾಗಿ ತಾನೇ ನೋಡಿದಳು. ಸದ್ದಿಗಿಂತ ಮುಂದೆ, ಖಾಲಿ ಕಾಣುವ ಕಡೆಗೆ ಕಣ್ಣಿಟ್ಟಳು. ಬಿಸಿಲಲ್ಲಿ ಹೊಳೆಯುತ್ತಾ ಅದು ಅಲ್ಲೇ ಇತ್ತು. ರೆಕ್ಕೆ ಓರೆ ಮಾಡಿ, ಹೊಟ್ಟೆ ತೋರಿಸಿ, ಅವಳ ನೆತ್ತಿಯ ಮೇಲೇ ಹೊರಳಿ ಹೋಯಿತು. ತಲೆಯ ಮೇಲಿನ ಸೆರಗು ಜಾರಿದ್ದು ಗೊತ್ತಾಗಲಿಲ್ಲ. ಅಷ್ಟು ಜನರ ನಡುವೆ ಅವಳು ಬಾಯಿತುಂಬ ನಕ್ಕಳು. ಯಾರೂ ಅವಳಿಗೆ ನೋಡು ಎಂದಿರಲಿಲ್ಲ, ಪೆಟ್ಟಿಗೆ ಹಿಡಿ ಎಂದೂ ಅನ್ನಲಿಲ್ಲ. ಬುದ್ಧಿ ಬಂದಮೇಲೆ ಹಾಗೆ ಯಾವ ಕೆಲಸವೂ ಇಲ್ಲದೆ ತಲೆಯೆತ್ತಿ ನಿಂತದ್ದು ಅವಳಿಗೆ ನೆನಪಿರಲಿಲ್ಲ.

ತಮ್ಮಯ್ಯ ಆರು ಪ್ಲೇಟು ತೆಗೆದ. ಇಡೀ ಹೊತ್ತು ಬಟ್ಟೆಯೊಳಗೇ ಇದ್ದದ್ದರಿಂದ ಒಂದು ವಿಮಾನವನ್ನೂ ಕಣ್ಣಾರೆ ನೋಡಲಿಲ್ಲ.

ಮನೆಗೆ ಬಂದು ಪ್ಲೇಟು ತೊಳೆದಾಗ ಐದರಲ್ಲಿ ಬರಿ ಆಕಾಶ. ಆರನೆಯದರಲ್ಲಿ ಒಂದು ಹದ್ದು.

ಅವನು ಎರಡು ದಿನ ಊಟ ಬಿಟ್ಟ. ಬೈರಕ್ಕನಿಗೆ ಮುಖ ಹೇಗೆ ತೋರಿಸಲಿ ಎಂದು ಹಿತ್ತಿಲ ಬಾಗಿಲಿಂದ ಓಡಾಡಿದ. ಮೂರನೆಯ ಮಧ್ಯಾಹ್ನ ಪುಟ್ಟಲಕ್ಷ್ಮಮ್ಮ ಕಿಟಕಿಯ ಪಕ್ಕ ಕೂತು, ಹದ್ದಿನ ಪ್ರಿಂಟು ತೆಗೆದುಕೊಂಡು, ಹದ್ದಿನ ರೆಕ್ಕೆಗಳ ಮೇಲೆಯೇ ವಿಮಾನ ಬರೆದಳು. ಮೊದಲಬಾರಿಗೆ ಅವಳು ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ. ಅವಳೇ ನೋಡಿದ್ದಳು.

ತಮ್ಮಯ್ಯ ಅದನ್ನೇ ಕ್ಯಾಮರಾದ ಮುಂದಿಟ್ಟು ಒಂದು ಕಾಪಿ ತೆಗೆದು ಸ್ಟುಡಿಯೋದಲ್ಲಿ ತೂಗುಹಾಕಿದ. ಕಾಪಿ ತೆಗೆದ ಮೇಲೆ ಅದೂ ಒಂದು ನಿಜವಾದ ಫೋಟೋವೇ ತಾನೆ? ನೋಡಿದವರು ಹೊಗಳಿದರು. ಹೊಗಳಿಕೆ ಕೇಳಿ ಕೇಳಿ, ವಿಮಾನ ತನ್ನ ಮುಂದೆ ನಿಂತ ಕತೆಯನ್ನು ಅವನೇ ಕಟ್ಟಿದ. ಅವಳು ಒಳಗೆ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು.

ಅಸಲು ಪ್ರಿಂಟನ್ನು ಅವಳೇ ಟವಲಿನಲ್ಲಿ ಸುತ್ತಿಕೊಂಡು ಬೈರಮ್ಮನ ಮನೆಗೆ ಕೊಂಡುಹೋಗಿದ್ದಳು.

ಮಾರನೆಯ ವರ್ಷ ಯುದ್ಧ ಬಂತು. ಚಿಕ್ಕಸ್ವಾಮಿ ಇದ್ದ ವಿಮಾನದ ಬಯಲಿನ ಮೇಲೆ ಬಾಂಬು ಬಿದ್ದಿತ್ತು. ತಂತಿ ಬಂತು, ದೇಹ ಬರಲಿಲ್ಲ. ಅಂದಿನಿಂದ ಬೈರಮ್ಮ ದಿನಾ ಬೆಳಿಗ್ಗೆ ಸ್ನಾನ ಮಾಡಿ ಆ ಫೋಟೋಗೆ ಕುಂಕುಮ ಇಡುತ್ತಾಳೆಂದು ಬೀದಿಗೆಲ್ಲ ಗೊತ್ತಿತ್ತು. ತಮ್ಮಯ್ಯ ಮಾತ್ರ ಆ ಮನೆಯ ಒಳಗೆ ಮತ್ತೆ ಕಾಲಿಟ್ಟಿರಲಿಲ್ಲ.

*

ಬೈರಮ್ಮ ಸೆರಗಿನಡಿ ಏನನ್ನೋ ಹಿಡಿದುಕೊಂಡು ವಾಪಸು ಬಂದಳು. ಹಳದಿ ತಿರುಗಿದ ರಟ್ಟು. ತಮ್ಮಯ್ಯ ಕಣ್ಣು ತಪ್ಪಿಸಿದ.

ಅವಳು ಹೆಣದ ಪಕ್ಕದ ತಟ್ಟೆಯ ನೀರಿನಲ್ಲಿ ಬೆರಳು ಅದ್ದಿ, ಪುಟ್ಟಲಕ್ಷ್ಮಮ್ಮನ ಹಣೆಯಿಂದ ಚೂರು ಕುಂಕುಮ ತೆಗೆದುಕೊಂಡು ಫೋಟೋದ ಮೇಲಿನ ಮೂಲೆಗೆ ಇಟ್ಟಳು. ಈಗ ತಮ್ಮಯ್ಯ ನೋಡಿದ. ಆಕಾಶದ ಆ ಒಂದು ಮೂಲೆಯಲ್ಲಿ ಒಂಬತ್ತು ವರ್ಷದ ಕುಂಕುಮ ಗಟ್ಟಿಯಾಗಿ, ಒಣಗಿ, ಬಿರುಕುಬಿಟ್ಟಿತ್ತು. ನಡುವಿನ ವಿಮಾನದ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಪುಟ್ಟಲಕ್ಷ್ಮಮ್ಮ ಬರೆದ ದಿನ ಇದ್ದ ಹಾಗೇ ಇತ್ತು.

"ಬೈರಕ್ಕ," ಎಂದ ಮೆಲ್ಲಗೆ. "ವಿಮಾನಕ್ಯಾಕೆ ಇಕ್ಕಲ್ಲ?"

ಬೈರಮ್ಮ ಅತ್ತಿತ್ತ ನೋಡಿ ಅವನ ಕಿವಿಗೆ ಮಾತ್ರ ಬೀಳುವಂತೆ ಹೇಳಿದಳು.

"ಒದ್ದೆ ಬೆಳ್ಳು ತಾಕಿಸ್ಬ್ಯಾಡಿ ಅಕ್ಕ ಅಂದಿದ್ಲು, ತಂದ್ಕೊಟ್ಟ ದಿನವೇ. ಯಾಕವ್ವ ಅಂದೆ. ಕೆಳಗೆ ಹದ್ದು ಅದೆ ಕಣಕ್ಕ, ವಿಮಾನ ಕರಗೋದ್ರೆ ಹದ್ದು ಉಳ್ಕತದೆ ಅಂದ್ಲು. ಇಬ್ರೂ ಒಸಿ ಅತ್ತು ಒಸಿ ನಕ್ಕೊ."

ತಮ್ಮಯ್ಯ ಅವಳ ಕಡೆಗೆ ತಿರುಗಿದ. "ಗೊತ್ತಿದ್ದೂ... ಇಷ್ಟು ದಿನ ಒಂದ್ಮಾತು..."

"ನೀನು ನೊಂದ್ಕತೀಯ ಅಂತ ಆಣೆ ಇಕ್ಸ್ಕಂಡಿದ್ಲು. ಈಗ ಆಣೆ ಇಕ್ಸ್ಕಂಡೋಳೇ ಇಲ್ವಲ್ಲ." ಅವಳು ಫೋಟೋವನ್ನು ಎದೆಗೆ ಆನಿಸಿಕೊಂಡಳು. "ನನ್ ಮಗ ಎಣ್ಣೆ ಹುಯ್ದ ವಿಮಾನನ ಕಣ್ಣಾರೆ ಕಂಡಿದ್ದೋಳು ಈ ಊರಲ್ಲಿ ಇವಳೊಬ್ಳೇ ಕಣಪ್ಪ. ನೀನೆಲ್ಲಿ ಕಂಡಿದ್ದೆ? ಅವಳು ಕಂಡಿದ್ದನ್ನೇ ಬರುದ್ಲು. ನಂಗದು ಸಾಕಾಯ್ತು."

ಗುಂಡಿ ತೆಗೆಯಲು ಹೋದವರು ಬಂದು ಹೊತ್ತಾಯಿತೆಂದರು. ತಮ್ಮಯ್ಯ ಕಂಬ ಹಿಡಿದು ಎದ್ದ.

"ಬೋರಯ್ಯ, ಸ್ಟ್ಯಾಂಡು ತಗಂಬಾ."

"ಕಣ್ಣು?" ಎಂದಳು ಚಲುವಮ್ಮ.

"ಅಂಗೇ ಇರ್ಲಿ ಕಣವ್ವ. ಮುಚ್ಕಂಡೇ ಇರ್ಲಿ."

ಬೀದಿಯಲ್ಲಿ ಮೂರು ಕಾಲು ಊರಿದರು. ಚಲುವಮ್ಮ ಅವ್ವನ ಗದ್ದದ ಬಟ್ಟೆ ಬಿಚ್ಚಿ, ಕೆದರಿದ ಕೂದಲನ್ನು ಅಂಗೈಯಿಂದ ಸವರಿದಳು. ಆಚೆ ಪಕ್ಕ ಬೈರಮ್ಮ ಫೋಟೋವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡು ಕೂತಳು. ಬೆಳಕು ಓರೆಯಾಗಿ ಬೀಳುತ್ತಿತ್ತು. ಬಿಳಿ ಪಂಚೆ ಹಿಡಿಯುವವರು ಯಾರೂ ಇರಲಿಲ್ಲವಾಗಿ ಪುಟ್ಟಲಕ್ಷ್ಮಮ್ಮನ ಮುಖದ ಒಂದು ಕಡೆ ನೆರಳಲ್ಲೇ ಉಳಿಯಿತು.

ತಮ್ಮಯ್ಯ ಕರಿ ಬಟ್ಟೆಯೊಳಗೆ ತಲೆ ತೂರಿಸಿದ. ಒಳಗಿನ ಗಾಜಿನ ಮೇಲೆ, ಎಲ್ಲರೂ ಬರುವಂತೆ, ಅವಳೂ ತಲೆಕೆಳಗಾಗಿ ಬಂದಳು.

"ಅಲ್ಲಾಡಬ್ಯಾಡಿ," ಎಂಬ ದನಿ ಕೇಳಿತು.

ಅಳುತ್ತಿದ್ದವರು ಅಳು ತಡೆಹಿಡಿದರು. ಬೋರಯ್ಯ ಬಾಯಿಗೆ ಒಯ್ಯುತ್ತಿದ್ದ ಬೀಡಿಯನ್ನು ಅಲ್ಲೇ ನಿಲ್ಲಿಸಿದ. ಚಟ್ಟ ಹೊತ್ತು ತಂದವರು ಅದನ್ನು ಇಳಿಸದೆ ಹಾಗೇ ನಿಂತರು. ಬೀದಿಯಲ್ಲಿ ಅಲ್ಲಾಡುತ್ತಿದ್ದದ್ದು ಆ ಕರಿ ಬಟ್ಟೆಯೊಂದೇ. ಅದು ಬಹಳ ಹೊತ್ತು ಅಲ್ಲಾಡುತ್ತಲೇ ಇತ್ತು. ಅವನು ಆಯಿತು ಎನ್ನುವವರೆಗೆ ಯಾರೂ ಕದಲಲಿಲ್ಲ.