ಯಾರೂ ಕಾಣದ ಸ್ಟೇ

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಜನ ಹಾವಿಗೆ ಹೆದರುತ್ತಾರೆ, ಸಿಡಿಲಿಗೆ ಹೆದರುತ್ತಾರೆ. ಅವೆರಡಕ್ಕಿಂತ ಹೆಚ್ಚಾಗಿ ‘ಸ್ಟೇ’ ಎಂಬ ಒಂದಕ್ಷರದ ಮಾತಿಗೆ ಹೆದರುತ್ತಾರೆ. ಹಾವನ್ನಾದರೂ ಕಂಡು ಹೆದರುತ್ತಾರೆ, ಸ್ಟೇಯನ್ನು ಕಂಡವರು ಕಡಿಮೆ. ಕೋರ್ಟಿನಿಂದ ಸ್ಟೇ ತಂದಿದ್ದೇನೆ ಎಂದು ಒಬ್ಬ ಊರ ಬಾಗಿಲ ಅಗಸಿಯಲ್ಲಿ ನಿಂತು ಹೇಳಿದರೆ ಸಾಕು, ಎದುರಿನವನು ಎತ್ತಿದ ಸಲಿಕೆಯನ್ನು ಹಾಗೇ ಇಳಿಸುತ್ತಾನೆ. ಎಲ್ಲಿದೆ, ತೋರಿಸು ಎಂದು ಕೇಳುವುದಿಲ್ಲ.

ರಾಜೂರಿನ ಕಾಶೀಂಬಿಯ ಮನೆಯಲ್ಲೂ ಹೀಗೇ ಆಗಿತ್ತು. ಅವಳ ಗಂಡ ಮದರಸಾಬ ನದಾಫ ಅರಳೆ ಹಿಂಜಿ ಗಾದಿ ತುಂಬುವವನು. ಸುತ್ತಲಿನ ಊರುಗಳ ಮದುವೆಗೆಲ್ಲ ಅವನದೇ ಗಾದಿ. ಕೆಲಸ ದೊಡ್ಡದು, ಮನೆ ಸಣ್ಣದು. ಒಂದೇ ಖೋಲಿ, ಹಿಂದೆ ಅಡಿಗೆಯ ಮೂಲೆ. ಹಿಂಜುವ ಮಷೀನು ಅದೇ ಖೋಲಿಯಲ್ಲಿತ್ತು. ಅದು ತಿರುಗಿತೆಂದರೆ ಧೂಳು ತೊಲೆಯ ಮೇಲೆ, ಹಾಸಿಗೆಯ ಮೇಲೆ, ರೊಟ್ಟಿಯ ಬುಟ್ಟಿಯ ಮೇಲೆ. ಮದರಸಾಬನ ಕೆಮ್ಮು ಕೇಳಿಯೇ ಓಣಿಯವರು ಬೆಳಗಾಯಿತೆಂದು ಏಳುತ್ತಿದ್ದರು. ಮಲಗುವ ಖೋಲಿಯಲ್ಲಿ ಅರಳೆ ಹಿಂಜಬೇಡ ಎಂದು ದವಾಖಾನೆಯ ಡಾಕ್ಟರು ಮೂರು ಸಲ ಹೇಳಿದ್ದರು.

ಹಿತ್ತಿಲಲ್ಲಿ ಒಂದು ಪಟ್ಟಿ ಜಾಗವಿತ್ತು. ಅಲ್ಲೊಂದು ತಗಡಿನ ಶೆಡ್ಡು ಹಾಕಿದರೆ ಮಷೀನು ಹೊರಗೆ ಹೋಗುತ್ತಿತ್ತು. ಆದರೆ ಆ ಪಟ್ಟಿ ನಂದು ಎಂದು ಪಕ್ಕದ ಮನೆಯ ಹುಚ್ಚಪ್ಪ ಕೋರ್ಟಿಗೆ ಹೋದ. ರೋಣದಲ್ಲಿ ಮದರಸಾಬ ಗೆದ್ದ, ಗದಗಿನಲ್ಲಿಯೂ ಗೆದ್ದ. ಹುಚ್ಚಪ್ಪ ಛಲ ಬಿಡದೆ ಎರಡು ಸಾವಿರದ ಆರನೇ ಇಸವಿಯಲ್ಲಿ ಬೆಂಗಳೂರಿನ ಹೈಕೋರ್ಟಿಗೆ ಹೋದ. ಬಂದವನೇ ಸ್ಟೇ ತಂದಿದ್ದೇನೆ ಎಂದ. ಅಂದಿನಿಂದ ಮೂರು ವರ್ಷ ಮದರಸಾಬ ಆ ಜಾಗದಲ್ಲಿ ಒಂದು ಗೂಟ ಕೂಡ ಬಡಿಯಲಿಲ್ಲ. ಕೊಂಡು ತಂದ ತಗಡು ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿತ್ತು.

ಇಷ್ಟೂ ದಿನ ಕಾಶೀಂಬಿ ಹಲ್ಲು ಕಚ್ಚಿ ಸುಮ್ಮನಿದ್ದಳು. ಈ ಸಲ ಸುಮ್ಮನಿರಲು ಆಗಲಿಲ್ಲ. ಅವಳ ಒಬ್ಬಳೇ ಮಗಳು ತಬಸ್ಸುಮಳನ್ನು ಕೊಣ್ಣೂರಿಗೆ ಕೊಟ್ಟಿದ್ದರು. ಈಗ ಅವಳಿಗೆ ಆರು ತಿಂಗಳು. ಚೊಚ್ಚಲ ಬಾಣಂತನ ತವರಿನದು, ಅದನ್ನು ಯಾರೂ ಬರೆದಿಡಬೇಕಾಗಿಲ್ಲ. ಬೀಗಿತ್ತಿ ಒಂದು ದಿನ ರಾಜೂರಿಗೆ ಬಂದಳು, ಖೋಲಿಯಲ್ಲಿ ಕೂತಳು, ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಕೆಟ್ಟ ಹೆಂಗಸಲ್ಲ, ಮೆಲ್ಲಗೇ ಹೇಳಿದಳು.

“ತಪ್ಪ ತಿಳಕೋಬ್ಯಾಡ್ರಿ. ಈ ಧೂಳಿನಾಗ ಹಸಗೂಸು ಹ್ಯಾಂಗ ಇಡೋದು? ಬಾಣಂತನ ನಾವ ಕೊಣ್ಣೂರಾಗ ಮಾಡತೀವಿ.”

ಕಾಶೀಂಬಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಬೀಗಿತ್ತಿಯ ಮಾತಿನಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ಹೆಚ್ಚು ಉರಿಯಿತು.

ಮರುದಿನ ಅವಳು ರೋಣಕ್ಕೆ ಹೋದದ್ದು ಕುರ್ಚಿಯ ದಿಂಬೊಂದನ್ನು ಮುಟ್ಟಿಸಲು. ಕೋರ್ಟಿನ ಎದುರು ಟೈಪು ಮಾಡುವ ರಮಾಬಾಯಿ ಅದನ್ನು ಹೇಳಿ ಹೊಲಿಸಿದ್ದಳು. ಇಪ್ಪತ್ತು ವರ್ಷ ವಕೀಲರ ಅರ್ಜಿ ಬಡಿದು ಬಡಿದು ಸೊಂಟ ಹಿಡಿದುಕೊಂಡ ಹೆಂಗಸು ಅವಳು. ಎರಡು ವರ್ಷದ ಹಿಂದೆ ಟೈಪ್‌ರೈಟರು ಬಿಟ್ಟು ಕಂಪ್ಯೂಟರು ಇಟ್ಟಿದ್ದಳು, ಅದಕ್ಕೆ ಇಂಟರ್ನೆಟ್ಟನ್ನೂ ಹಾಕಿಸಿದ್ದಳು. ಕಾಶೀಂಬಿಯ ಮುಖ ನೋಡಿ ಏನಾಯಿತೆಂದು ಕೇಳಿದಳು. ಕಾಶೀಂಬಿ ಎಲ್ಲ ಹೇಳಿಕೊಂಡಳು, ಸ್ಟೇ ಇರುವ ತನಕ ನಮ್ಮ ಹಣೆಬರಹ ಇಷ್ಟೇ ಎಂದಳು.

ರಮಾಬಾಯಿ ದಿಂಬನ್ನು ಬದಿಗಿಟ್ಟಳು. “ಆ ಸ್ಟೇ ಕಾಗದ ನೀ ನೋಡೀ ಏನು?”

ನೋಡಿರಲಿಲ್ಲ. ಹೈಕೋರ್ಟಿನಿಂದ ನೋಟೀಸು ಬಂದಿತ್ತೇ? ಇಲ್ಲ. ಕೇಸಿನ ನಂಬರಾದರೂ ಗೊತ್ತೇ? ಅದೂ ಗೊತ್ತಿಲ್ಲ.

“ಖರೇಕ್ಕೂ ಸುಳ್ಳಿಗೂ ನಾಕ ಬೆರಳಿನ ಅಂತರ, ಕಾಶೀಂಬಿ. ಕಿವಿಯಿಂದ ಕಣ್ಣಿಗೆ ಎಷ್ಟೋ ಅಷ್ಟ. ನೀವು ಮೂರ ವರ್ಷ ಕಿವಿ ಮ್ಯಾಲ ನಡದೀರಿ. ಒಮ್ಮೆ ಕಣ್ಣಿಲೆ ನೋಡೂಣು.”

ಅವಳು ಬಿಡಿಸಿ ಹೇಳಿದಳು. ಹೈಕೋರ್ಟು ತನ್ನ ಕೇಸುಗಳ ವಿವರವನ್ನು ಈಗ ಇಂಟರ್ನೆಟ್ಟಿನಲ್ಲಿ ಇಡುತ್ತದೆ. ಯಾರ ಮೇಲೆ ಯಾರು, ಯಾವ ದಿನ ಹಾಕಿದ್ದು, ಎಲ್ಲಿಯವರೆಗೆ ಬಂತು, ಮುಗಿಯಿತೋ ಇಲ್ಲವೋ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಯಾರಿಗೂ ಕೈ ಮುಗಿಯಬೇಕಿಲ್ಲ. ನಂಬರು ಮತ್ತು ಇಸವಿ ಇದ್ದರೆ ನೆಟ್ಟಗೆ ಸಿಗುತ್ತದೆ. ಅವಿಲ್ಲದಿದ್ದರೆ ಹೆಸರಿನಿಂದಲೂ ಹುಡುಕಬಹುದು, ಆದರೆ ಹುಚ್ಚಪ್ಪ ಎಂಬ ಹೆಸರಿನವರು ನಮ್ಮ ಕಡೆ ಒಬ್ಬರೇ ಇಬ್ಬರೇ? ನಂಬರು ತಂದರೆ ಚಲೋ ಎಂದಳು.

ಮನೆಯಲ್ಲಿ ಮದರಸಾಬ ಇದನ್ನು ಕೇಳಿ ನಕ್ಕ, ನಗುತ್ತಲೇ ಕೆಮ್ಮಿದ. “ಕೋರ್ಟಿನ ಫೈಲ ನೋಡಾಕ ಹತ್ತ ಮಂದಿಗೆ ಸಲಾಂ ಹೊಡೀಬೇಕು. ಅದು ರಮಾಬಾಯಾರ ಟಿವ್ಯಾಗ ಬರತೈತೇನು?” ಗೆದ್ದವ ಸೋತ, ಸೋತವ ಸತ್ತ, ಕೋರ್ಟಿನ ಹಾದಿಯೇ ಹಾಗೆ ಎಂದು ಗಾದೆಯನ್ನೂ ಸೇರಿಸಿದ. ಮಗಳ ಬಾಣಂತನ ಬೇಕೋ ಗಾದೆ ಬೇಕೋ ಎಂದು ಕಾಶೀಂಬಿ ಕೇಳಿದಳು.

ನಂಬರು ಇದ್ದದ್ದು ಹುಚ್ಚಪ್ಪನ ಹತ್ತಿರ. ಕಾಶೀಂಬಿ ನೇರವಾಗಿ ಅವನ ಮನೆಗೇ ಹೋದಳು. ಮೂರು ವರ್ಷದಿಂದ ಆ ಹೊಸ್ತಿಲು ತುಳಿದಿರಲಿಲ್ಲ. ಹುಚ್ಚಪ್ಪನ ಹೆಂಡತಿ ಉಡಚವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕುಡಿಯಲು ನೀರು ತಂದಿಟ್ಟಳು.

“ಹುಚ್ಚಪ್ಪಣ್ಣ, ಜಗಳ ಮಾಡಾಕ ಬಂದಿಲ್ಲ. ನಿಮ್ಮ ಸ್ಟೇ ಒಮ್ಮೆ ನೋಡಬೇಕು. ರೋಣದಾಗ ಕಂಪ್ಯೂಟರಿನ್ಯಾಗ ಬರತೈತಂತ.”

ಅವನು ಬೈಯುತ್ತಾನೆಂದು ಅವಳು ಎಣಿಸಿದ್ದಳು. ಅವನ ಮುಖ ಅರಳಿತು. ಜಗಲಿಯ ಮೇಲಿನ ದೇವರ ಫೋಟೋದ ಹಿಂದಿನಿಂದ ಪ್ಲಾಸ್ಟಿಕ್ ಚೀಲ ತೆಗೆದ. ಒಳಗೆ ಕೋರ್ಟಿನ ಮೊಹರಿನ ಸಿಕ್ಕಾ ಹೊಡೆದ ಒಂದು ಇಂಗ್ಲಿಷ್ ಕಾಗದ. ತನ್ನ ಸ್ಟೇ ಕಂಪ್ಯೂಟರಿನಲ್ಲೂ ಇದ್ದರೆ ಒಳ್ಳೆಯದೇ ಆಯಿತು, ಮದರಸಾಬನೂ ಬಂದು ನೋಡಲಿ, ನಾನೇ ತೋರಿಸುತ್ತೇನೆ ಎಂದ.

ಸೋಮವಾರದ ಬಸ್ಸಿನಲ್ಲಿ ಹುಚ್ಚಪ್ಪ ಡ್ರೈವರನ ಹಿಂದೆ ಕೂತ, ಮದರಸಾಬ ಕೊನೆಯ ಸೀಟಿನಲ್ಲಿ. ನಡುವೆ ಕೂತ ಕಾಶೀಂಬಿ ರೋಣದವರೆಗೂ ಎರಡು ಹೊಲಗಳ ನಡುವಿನ ಬಾಂದಗಲ್ಲಿನ ಹಾಗೆ ಇದ್ದಳು.

ರಮಾಬಾಯಿ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹುಚ್ಚಪ್ಪನಿಗೆ ಕೂರಲು ಹೇಳಿದಳು. “ಇದು ಸ್ಟೇ ಅಲ್ರಿ. ಅಪೀಲೂ, ಸ್ಟೇ ಬೇಕಂತ ಒಂದ ಅರ್ಜಿನೂ ಕೋರ್ಟಿಗೆ ಹಾಕೀರಿ, ಅದಕ್ಕ ಈ ಕಾಗದ. ಬೇಡಿದ್ದಕ್ಕ ರಸೀದಿ ಇದು, ಕೊಟ್ಟಿದ್ದಕ್ಕ ಅಲ್ಲ.”

ಸಿಕ್ಕಾ ಇದೆಯಲ್ಲ ಎಂದು ಹುಚ್ಚಪ್ಪ ವಾದಿಸಿದ. ಸಿಕ್ಕಾ ಇದ್ದದ್ದೆಲ್ಲ ಸ್ಟೇ ಆಗುವುದಿಲ್ಲ, ಜಗಳ ಬೇಡ, ಕೋರ್ಟೇ ಹೇಳಲಿ ಎಂದು ಅವಳು ಕಂಪ್ಯೂಟರಿನತ್ತ ತಿರುಗಿದಳು. ಹೈಕೋರ್ಟಿನ ಪುಟ ತೆರೆದು ಬೆಂಗಳೂರು ಎಂದು ಆರಿಸಿದಳು. ಕಾಗದದ ಮೇಲಿದ್ದ ಕೇಸಿನ ಬಗೆ, ನಂಬರು, ಇಸವಿ, ಮೂರನ್ನೂ ಬಡಿದಳು. ಪುಟ ಬರಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತಾಯಿತು. ಬಂದಾಗ ಅದರಲ್ಲಿ ಏನೂ ಇರಲಿಲ್ಲ. ಮದರಸಾಬ ಮೊದಲೇ ಹೇಳಿದ್ದೆನಲ್ಲ ಎಂಬಂತೆ ಹೆಂಡತಿಯನ್ನು ನೋಡಿದ. 

ರಮಾಬಾಯಿ ಮಾತ್ರ ಗಲಿಬಿಲಿಗೊಳ್ಳಲಿಲ್ಲ. ಹೋದ ವರ್ಷದಿಂದ ಧಾರವಾಡದಲ್ಲಿ ಹೈಕೋರ್ಟಿನ ಪೀಠ ಕೂರುತ್ತಿದೆ, ನಮ್ಮ ಜಿಲ್ಲೆಯ ಕೇಸುಗಳು ಅಲ್ಲಿಗೆ ಬಂದಿವೆ ಎಂದು ಈ ಸಲ ಧಾರವಾಡವನ್ನು ಆರಿಸಿದಳು. ಮತ್ತೆ ಅದೇ ಕಾಯುವಿಕೆ. ಆಮೇಲೆ ಸಾಲು ಸಾಲಾಗಿ ಅಕ್ಷರಗಳು ಮೂಡಿದವು. ಮೇಲೆ ಹುಚ್ಚಪ್ಪನ ಹೆಸರು, ಕೆಳಗೆ ಮದರಸಾಬನ ಹೆಸರು, ಎರಡರ ಮುಂದೂ ರಾಜೂರು. ರಮಾಬಾಯಿ ಒಂದೊಂದು ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳುತ್ತಾ ಹೋದಳು. ಅಪೀಲು ಹಾಕಿದ ದಿನ ಇದು, ವಕೀಲರ ಹೆಸರು ಇದು. ಕೊನೆಯ ಸಾಲಿಗೆ ಬಂದಾಗ ಅವಳ ದನಿ ತಗ್ಗಿತು. ಕೇಸು ಮುಗಿದು ಹೋಗಿತ್ತು. ಹೋದ ನವೆಂಬರಿನಲ್ಲಿ, ವಿಚಾರಣೆಗೆ ತೆಗೆದುಕೊಳ್ಳಬೇಕೋ ಬೇಡವೋ ಎಂಬ ಮೊದಲ ಹಂತದಲ್ಲೇ ಅಪೀಲು ವಜಾ ಆಗಿತ್ತು. ಅದಕ್ಕೇ ಮದರಸಾಬನಿಗೆ ನೋಟೀಸೂ ಬಂದಿರಲಿಲ್ಲ. ಎರಡು ಪುಟದ ಆದೇಶವನ್ನೂ ತೆರೆದು ಓದಿದಳು. ಸ್ಟೇ ಕೇಳಿದ ಅರ್ಜಿ ಅಪೀಲಿನ ಜೊತೆಗೇ ವಜಾ ಆಗಿತ್ತು, ಅದಕ್ಕೆ ಮುಂಚೆ ಸ್ಟೇ ಕೊಟ್ಟ ಆದೇಶವೂ ಅಲ್ಲಿರಲಿಲ್ಲ. ಸ್ಟೇ ಎಂಬುದು ಒಂದು ದಿನವೂ ಇರಲಿಲ್ಲ.

ಕಾಶೀಂಬಿಗೆ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ಮೂರು ವರ್ಷದ ಕೆಮ್ಮು, ಬೀಗಿತ್ತಿಯ ಮುಚ್ಚಿದ ಮೂಗು, ಎಲ್ಲವೂ ಇಲ್ಲದ ಒಂದು ಕಾಗದಕ್ಕಾಗಿ. ಬಾಯಿಗೆ ಬಂದದ್ದನ್ನು ಅನ್ನಬೇಕೆಂದು ಹುಚ್ಚಪ್ಪನತ್ತ ತಿರುಗಿದಳು. ಅವನು ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲೆ ಹಿಡಿದು, ಇನ್ನೊಮ್ಮೆ ಓದಿರೆಂದು ರಮಾಬಾಯಿಯನ್ನು ಕೇಳುತ್ತಿದ್ದ. ಅವಳು ಇನ್ನೊಮ್ಮೆ ಓದಿದಳು.

“ಮದರಸಾಬ, ನಾ ಸುಳ್ಳ ಹೇಳಿಲ್ಲೋ,” ಎಂದ ಹುಚ್ಚಪ್ಪ. “ನನಗ ಹೇಳಿದ್ದನ್ನ ನಿನಗ ಹೇಳೀನಿ.”

ಬೆಂಗಳೂರಿಗೆ ಕರೆದೊಯ್ದ ಪರಿಚಯದವನೊಬ್ಬ ಕಾಗದ ಕೈಗಿಟ್ಟು ಇದೇ ಸ್ಟೇ ಎಂದಿದ್ದನಂತೆ. ಈಗ ಅವನು ಫೋನು ಎತ್ತುವುದಿಲ್ಲ. ಸ್ಟೇ ಎಂದರೆ ಇಬ್ಬರಿಗೂ ಎಂದು ತಿಳಿದು ಹುಚ್ಚಪ್ಪನೂ ಆ ಜಾಗದಲ್ಲಿ ಒಂದು ಬಣವೆ ಕೂಡ ಒಟ್ಟಿರಲಿಲ್ಲ. ಅದನ್ನು ಕಾಶೀಂಬಿ ಕಣ್ಣಾರೆ ಕಂಡಿದ್ದಳು. ಅವಳ ಸಿಟ್ಟು ಅರ್ಧಕ್ಕೆ ಇಳಿಯಿತು.

“ನಾವೂ ಕೇಳಲಿಲ್ಲ, ಅಣ್ಣ,” ಎಂದಳು. “ಮೂರ ವರ್ಷದಾಗ ಒಂದ ದಿನಾನೂ ‘ತೋರಸ್ರಿ’ ಅನ್ನಲಿಲ್ಲ.”

ಮದರಸಾಬ ಅಲ್ಲಿಂದಲೇ ಗೂಟ ಬಡಿಯಲು ಹೊರಟವನಂತೆ ಎದ್ದ. ರಮಾಬಾಯಿ ತಡೆದಳು. ಪರದೆಯ ಮೇಲೆ ಕಂಡದ್ದು ತಿಳಿದುಕೊಳ್ಳಲಿಕ್ಕೆ, ನಾಳೆ ಯಾರಾದರೂ ಕೇಳಿದರೆ ತೋರಿಸಲು ಕೋರ್ಟಿನ ಸಿಕ್ಕಾ ಇರುವ ದೃಢೀಕೃತ ನಕಲು ಬೇಕು. ಅದನ್ನು ತರಿಸಿ, ವಕೀಲರಿಗೆ ಓದಿಸಿ, ಆಮೇಲೆ ಗೂಟ ಬಡಿಯಿರಿ ಎಂದಳು. ವಕೀಲರನ್ನು ಹಿಡಿಯಲು ಆಗದ ಬಡವರಿಗೆ, ಹೆಣ್ಣುಮಕ್ಕಳಿಗೆ ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ, ಸಲಹೆ ಪುಕ್ಕಟೆ ಎಂದೂ ಹೇಳಿದಳು. ಕಾಶೀಂಬಿ ಅಂದೇ ಅಲ್ಲಿ ಹೋಗಿ ಹೆಸರು ಬರೆಸಿದಳು. ಬರುವಾಗ ಬಸ್ಸಿನಲ್ಲಿ ಮೂವರೂ ಒಂದೇ ಸಾಲಿನಲ್ಲಿ ಕೂತರು. 

ಮೂರು ವಾರಕ್ಕೆ ನಕಲು ಕೈಗೆ ಬಂತು. ಸಮಿತಿಯ ವಕೀಲರು ಓದಿ, ಹೈಕೋರ್ಟಿನ ಮೇಲಿನ ಕೋರ್ಟಿಗೂ ಯಾರೂ ಹೋಗಿಲ್ಲವೆಂದು ನೋಡಿ, ಇನ್ನು ಅಡ್ಡಿಯಿಲ್ಲ ಎಂದರು. ಜೂನಿನ ಆರಂಭದ ಮಿರಗಾ ಮಳೆಗೆ ಮೊದಲೇ ಶೆಡ್ಡು ಎದ್ದಿತು. ಮಷೀನನ್ನು ಹೊರಗೆ ಸಾಗಿಸುವಾಗ ಒಂದು ಬದಿಗೆ ಹೆಗಲು ಕೊಟ್ಟವನು ಹುಚ್ಚಪ್ಪ. ಉಡಚವ್ವ ಬಂದು ಕಾಶೀಂಬಿಯ ಜೊತೆ ಖೋಲಿಗೆ ಸುಣ್ಣ ಹೊಡೆದಳು.

ಜೂನಿನ ಕೊನೆಯಲ್ಲಿ ಬೀಗಿತ್ತಿ ತಬಸ್ಸುಮಳನ್ನು ಕರೆದುಕೊಂಡು ಬಂದಳು, ಬಿಟ್ಟುಹೋಗುವ ಮಾತು ಮನೆ ನೋಡಿದ ಮೇಲೆ. ತೊಲೆಯ ಮೇಲೆ ಕೈಯಾಡಿಸಿದಳು. ಬೆರಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಧೂಳು ಹತ್ತಿರಲಿಲ್ಲ. ಹೊರಗೆ ಹೋಗಿ, ಕಟ್ಟೆಯ ಮೇಲಿಟ್ಟಿದ್ದ ಸೊಸೆಯ ಬಟ್ಟೆಯ ಗಂಟನ್ನು ಎತ್ತಿ ತಂದು ಕಾಶೀಂಬಿಯ ಕೈಗೆ ಕೊಟ್ಟಳು.

ಕೇಳುತ್ತಿರುವ ಅಣ್ಣಗಳಿರಾ, ಅಕ್ಕಗಳಿರಾ, ನಿಮ್ಮ ಮನೆಯಲ್ಲೂ ಯಾವುದೋ ಒಂದು ಕೆಲಸ ‘ಕೋರ್ಟಿನಲ್ಲಿದೆಯಂತೆ’ ಎಂಬ ಮಾತಿನ ಕೆಳಗೆ ನಿಂತಿರಬಹುದು. ಆ ‘ಅಂತೆ’ಯನ್ನು ಇವತ್ತೇ ಬಿಡಿ. ಯಾವ ಕೋರ್ಟು, ಯಾವ ನಂಬರು, ಯಾವ ಇಸವಿ ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹತ್ತಿರದ ಕಂಪ್ಯೂಟರಿನ ಅಂಗಡಿಗೆ ಹೋಗಿ ಕೋರ್ಟಿನ ಪುಟ ತೆರೆಸಿ. ಓದಲು ಬಾರದಿದ್ದರೆ ಓದಿಸಿಕೊಳ್ಳಿ, ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ಹುಡುಕಿಸಿ. ಎಲ್ಲ ಕೋರ್ಟುಗಳ ವಿವರ ಇನ್ನೂ ಇಂಟರ್ನೆಟ್ಟಿಗೆ ಬಂದಿಲ್ಲ. ಬಾರದಿದ್ದರೆ ಕೋರ್ಟಿನ ಕಚೇರಿಯಲ್ಲೇ ವಿಚಾರಿಸಿ. ಕಂಡದ್ದನ್ನು ವಕೀಲರಿಗೆ ತೋರಿಸಿ ಮುಂದಿನ ಹೆಜ್ಜೆ ಇಡಿ. ಕೇಸು ನಿಮ್ಮದು. ಅದರಲ್ಲಿ ಏನಾಗಿದೆ ಎಂದು ಕಣ್ಣಾರೆ ನೋಡುವ ಹಕ್ಕೂ ನಿಮ್ಮದೇ.